ಒಂದು ಊಟದಷ್ಟು ಹೊತ್ತು

ಒಪ್ಪಂದ ಹೀಗಿತ್ತು: ವಾರಕ್ಕೊಮ್ಮೆ, ನಾಲ್ಕು ಜನ ಓಡಾಡುವ ಜಾಗದಲ್ಲಿ, ಸೋದರಮಾವನ ಕಣ್ಣೆದುರಿಗೆ, ಅಪ್ಪ ಮಗಳಿಗೆ ಒಂದು ಊಟ. ಊಟ ಮುಗಿದರೆ ಅಪ್ಪನ ಪಾಲಿನ ವಾರವೂ ಮುಗಿಯಿತು. ಗಂಟೆಯ ಲೆಕ್ಕ ಬೇಡ ಎಂದವಳು ಅವನ ಹೆಂಡತಿ. "ಗಂಟೆ ಅಂತ ಇಟ್ರೆ ನೀನು ನಿಮಿಷ ನಿಮಿಷಕ್ಕೂ ಜಗಳ ತೆಗೀತೀಯ. ಊಟ ಅಂದ್ರೆ ಊಟ. ತಟ್ಟೆ ಖಾಲಿ ಆದ್ರೆ ಮಗು ಏಳ್ಬೇಕು." ಈ ಮಾತಿಗೂ ಅವನು ಜಗಳ ತೆಗೆದ. ಅದರಿಂದ ಅವಳ ಮಾತು ನಿಜವಾಯಿತೇ ಹೊರತು ಬೇರೇನೂ ಆಗಲಿಲ್ಲ.

ಅವನು ಲಿಫ್ಟ್ ರಿಪೇರಿ ಮಾಡುವವನು. ಎತ್ತರದ ಕಟ್ಟಡಗಳಲ್ಲಿ ಅರ್ಧಕ್ಕೆ ನಿಂತ ಲಿಫ್ಟಿನೊಳಗೆ ಬೆವರಿ ಬಾಗಿಲು ಬಡಿಯುವವರಿಗೆ ಹೊರಗಿನಿಂದ, "ಸಮಾಧಾನ ಮಾಡ್ಕೊಳ್ಳಿ, ಬಡಿದ್ರೆ ಬಾಗಿಲು ತೆಗೆಯಲ್ಲ" ಎಂದು ಹೇಳುವುದೂ ಅವನ ಕಸುಬಿನ ಒಂದು ಭಾಗ. ಊರಿಗೆಲ್ಲ ಸಮಾಧಾನ ಹಂಚುವ ಈ ಪುಣ್ಯಾತ್ಮನ ಮನೆಯಲ್ಲಿ ಮಾತ್ರ ಅದು ಚಿಟಿಕೆಯಷ್ಟೂ ಇರಲಿಲ್ಲ. ಕೋಪ ಮೂಗಿನ ತುದಿಯಲ್ಲೇ. ಕೈ ಎತ್ತಿದವನಲ್ಲ, ಅದನ್ನು ಅವನ ಹೆಂಡತಿಯೂ ಒಪ್ಪುತ್ತಾಳೆ. ಆದರೆ ಅವನು ಗಂಟಲು ತೆಗೆದರೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಮಗಳು ಮಂಚದ ಕೆಳಗೆ ಸೇರಿ ಕಿವಿ ಮುಚ್ಚಿಕೊಳ್ಳುವುದನ್ನು ಕಲಿತ ದಿನ ಹೆಂಡತಿ ಬಟ್ಟೆಬರೆ ಕಟ್ಟಿಕೊಂಡು ಹೊರಟಳು.

ಆಮೇಲೆ ಬುದ್ಧಿ ಬಂತು. ಬರಬೇಕಾದ ಕಾಲಕ್ಕೆ ಬಂದಿದ್ದರೆ ಅದನ್ನು ಬುದ್ಧಿ ಎನ್ನಬಹುದಿತ್ತು. ಅಂತೂ ಕಳೆದ ಕೆಲವು ತಿಂಗಳಿಂದ ಅವನು ಬಾಯಿಗೆ ಬೀಗ ಹಾಕಿಕೊಂಡಿದ್ದ. ಅದನ್ನು ಕಂಡು ಹೆಂಡತಿ ಒಂದು ಮೆಟ್ಟಿಲು ಇಳಿದು ಬಂದಿದ್ದಳು: ಈ ಸಲದ ಊಟವೂ ಗಲಾಟೆಯಿಲ್ಲದೆ ಮುಗಿದರೆ ಮುಂದಿನ ಶನಿವಾರ ಸಂಜೆಯಿಂದ ಭಾನುವಾರ ಸಂಜೆವರೆಗೆ ಮಗಳು ಅಪ್ಪನ ಮನೆಯಲ್ಲಿ. ಕಾವಲಿಗೆ ಮಾವ ಬೇಡ. ಒಂದೇ ಒಂದು ಸಲ ದನಿ ಏರಿದರೂ ಇದೂ ಇಲ್ಲ, ಅದೂ ಇಲ್ಲ. ಅವನು ಅಂದೇ ಹೋಗಿ ಮಗಳಿಗೆಂದು ಹೊಸ ಹಾಸಿಗೆ ತಂದಿದ್ದ. ಪ್ಲಾಸ್ಟಿಕ್ ಕವರ್ ತೆಗೆದರೆ ಎಲ್ಲಿ ದೃಷ್ಟಿಯಾದೀತೋ ಎನ್ನುವಂತೆ ಹಾಗೇ ಗೋಡೆಗೆ ಒರಗಿಸಿಟ್ಟಿದ್ದ.

ಕಾವಲಿಗೆ ಬರುತ್ತಿದ್ದ ಭಾವಮೈದ ಡ್ರೈವಿಂಗ್ ಸ್ಕೂಲ್ ನಡೆಸುವವನು. ಕಲಿಯುವವರ ಪಕ್ಕದ ಸೀಟಿನಲ್ಲಿ, ಕಾಲ ಕೆಳಗೆ ತನ್ನದೇ ಒಂದು ಬ್ರೇಕ್ ಇಟ್ಟುಕೊಂಡು ಕೂತು ಕೂತು, ಲೋಕದಲ್ಲಿ ಯಾರು ಮುಂದೆ ಹೋಗುವುದು ಕಂಡರೂ ಕಾಲು ಅದುಮುವುದು ಅವನಿಗೆ ಅಭ್ಯಾಸವಾಗಿತ್ತು. ಲಿಫ್ಟಿನವನು ಮನಸ್ಸಿನಲ್ಲೇ ಅವನಿಗೆ ಬ್ರೇಕು ಎಂದು ಹೆಸರಿಟ್ಟಿದ್ದ. ಮೊದಲಿನಿಂದಲೂ ಇಬ್ಬರದೂ ಹಾವು ಮುಂಗುಸಿ ಸಂಬಂಧ.

ಆ ದಿನ ಬರ್ಗರ್ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೆಲಕ್ಕೆ ಬಿಗಿದ ಕುರ್ಚಿಗಳು, ಕಾಲಿಗೆ ಅಂಟುವ ನೆಲ, ಕೌಂಟರಿನ ಮುಂದೆ ಹೆಲ್ಮೆಟ್ ತೆಗೆಯದೆ ನಿಂತ ಡೆಲಿವರಿಯವರು. ಮೇಲೆ ಬೋರ್ಡಿನಲ್ಲಿ ಕೆಂಪು ನಂಬರುಗಳು ಬರುತ್ತಿದ್ದವು, ಹೋಗುತ್ತಿದ್ದವು. ಇವರ ನಂಬರು ಬೋರ್ಡಿನ ತಳದಲ್ಲಿ ಮಂಕಾಗಿ ಕೂತಿತ್ತು.

ಮಗಳು ಎಂದಿನಂತೆ ಮೀನಿನ ಬರ್ಗರ್ ಹೇಳಿದ್ದಳು. ಇದು ಅವನಿಗೆ ಮೊದಲಿನಿಂದಲೂ ಒಂದು ಮುಳ್ಳು. ಅವನ ಮನೆಯಲ್ಲಿದ್ದಾಗ ಮೀನು ಎಂದರೆ ಮೂಗು ಹಿಡಿದುಕೊಂಡು ಇನ್ನೊಂದು ಕೋಣೆಗೆ ಓಡುತ್ತಿದ್ದ ಹುಡುಗಿ. ಈಗ ವಾರ ವಾರವೂ ಮೀನು. ಹೆಂಡತಿಯ ಮನೆಯವರು ಮಗಳ ನಾಲಿಗೆಯನ್ನೂ ತಮ್ಮ ಕಡೆಗೆ ತಿರುಗಿಸಿಕೊಂಡರು ಎಂದು ಅವನು ಹಲ್ಲು ಕಡಿಯುತ್ತಿದ್ದ. ಕೇಳಿದರೆ ಎಲ್ಲಿ ಮಾತು ಬೆಳೆದೀತೋ ಎಂದು ಕೇಳಿರಲಿಲ್ಲ.

"ನಿಂಗೊಂದು ಹಾಸಿಗೆ ತಂದಿದ್ದೀನಿ" ಎಂದ.

"ಯಾವ ಬಣ್ಣ?"

"ನೀಲಿ."

"ಕಿಟಕಿ ಹತ್ರ ಹಾಕ್ತೀಯಾ?"

"ನೀನು ಎಲ್ಲಿ ಅಂತೀಯೋ ಅಲ್ಲಿ."

ಅವಳು ಮೇಜಿನ ಮೇಲೆ ಬೆರಳಿನಿಂದ ಕೋಣೆಯ ನಕ್ಷೆ ಬರೆಯತೊಡಗಿದಳು. ಇಲ್ಲಿ ಕಿಟಕಿ, ಇಲ್ಲಿ ಬೀರು, ಇಲ್ಲಿ ನನ್ನ ಬ್ಯಾಗು. ಎಷ್ಟೋ ದಿನಗಳ ಮೇಲೆ ಅವಳು ಅಷ್ಟು ಮಾತಾಡಿದ್ದು. ಅಲ್ಲಿಗೆ ಸುಮ್ಮನಿದ್ದಿದ್ದರೆ ಅವನಂಥ ಭಾಗ್ಯವಂತ ಇರಲಿಲ್ಲ. ಆದರೆ ಅವನ ಒಂದು ಕಣ್ಣು ಬೋರ್ಡಿನ ಮೇಲೆ.

"ನಮಗಿಂತ ಆಮೇಲೆ ಬಂದೋರು ತಿಂದು ಎದ್ದೂ ಹೋದ್ರು" ಎಂದ ಭಾವಮೈದ, ಮೊಬೈಲಿನಿಂದ ತಲೆ ಎತ್ತದೆ. "ಭಾವನೋರನ್ನ ಕಂಡ್ರೆ ಅಂಗಡಿಯೋರಿಗೂ ಅಷ್ಟಕ್ಕಷ್ಟೇ ಅಂತ ಕಾಣುತ್ತೆ."

"ಬರುತ್ತೆ ಬಿಡಪ್ಪ. ಅವಸರ ಏನು?"

"ನಂಗೇನಿಲ್ಲ. ಮಗು ಹಸ್ಕೊಂಡು ಕೂತಿದೆಯಲ್ಲ ಅಂತ."

"ನಂಗೆ ಹಸಿವಿಲ್ಲ ಮಾವ" ಎಂದಳು ಮಗಳು ತಟ್ಟನೆ. ಎದ್ದು, "ಟಿಶ್ಯೂ ತರ್ತೀನಿ" ಎಂದು ಕೌಂಟರಿಗೆ ಹೋದಳು. ಅಲ್ಲಿ ಕ್ಯಾಪ್ ತೊಟ್ಟ ಕೌಂಟರಿನ ಹೆಂಗಸು ಬಗ್ಗಿ ಅವಳ ಮಾತು ಕೇಳಿ, ತಲೆ ಅಲ್ಲಾಡಿಸಿ, ನಕ್ಕಳು. ಮಗಳು ಟಿಶ್ಯೂ ಇಲ್ಲದೆ ವಾಪಸು ಬಂದಳು. ಅದನ್ನು ಅವನು ಗಮನಿಸಿದ. ಗಮನಿಸಿ, ಈ ಅಂಗಡಿಯಲ್ಲಿ ಒಂದು ಟಿಶ್ಯೂಗೂ ಗತಿಯಿಲ್ಲ ಎಂದುಕೊಂಡ. ಕೋಪಿಷ್ಠನಿಗೆ ಎಲ್ಲವೂ ಕಾಣುತ್ತದೆ, ಯಾವುದೂ ಅರ್ಥವಾಗುವುದಿಲ್ಲ.

ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಮೆತ್ತಗೇ ಕೇಳಿದ. "ಏನಮ್ಮಾ, ನಮ್ಮದು ಏನಾಯ್ತು?"

"ಮೀನಿನದು ಯಾರೂ ಜಾಸ್ತಿ ಕೇಳಲ್ಲ ಸರ್, ಮಾಡಿಟ್ಟಿರಲ್ಲ. ಆರ್ಡರ್ ಬಂದ ಮೇಲೇ ಎಣ್ಣೆಗೆ ಹಾಕೋದು. ಇನ್ನೂ ಹೊತ್ತಾಗುತ್ತೆ." ಅವಳು ಅವನ ಹೆಗಲಾಚೆ ಮಗಳ ಕಡೆಗೊಮ್ಮೆ, ಭಾವಮೈದನ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದಳು. "ಕೂತ್ಕೊಳ್ಳಿ ಸರ್. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ."

ನಿಮ್ಮ ಒಳ್ಳೇದಕ್ಕೇ! ಅವಳ ಅಹಂಕಾರ ನೋಡು ಎಂದು ಅವನ ಕಿವಿ ಬಿಸಿಯಾಯಿತು. ಆದರೂ ನುಂಗಿಕೊಂಡು ಬಂದು ಕೂತ. ತಾಳಿದವನು ಬಾಳಿಯಾನು ಎಂದು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡ. ಕಾಲು ಮಾತ್ರ ಮೇಜಿನ ಕೆಳಗೆ ಹೊಲಿಗೆ ಮಿಷನ್ ತುಳಿಯುತ್ತಿತ್ತು.

"ಅಪ್ಪಾ" ಎಂದಳು ಮಗಳು ಅವನ ಮೊಣಕಾಲ ಮೇಲೆ ಕೈಯಿಟ್ಟು. "ಗುಂಡಿ ಹತ್ತು ಸಲ ಒತ್ತಿದ್ರೆ ಲಿಫ್ಟ್ ಬೇಗ ಬರಲ್ಲ ಅಂತ ನೀನೇ ಹೇಳ್ತಿದ್ದೆ ಅಲ್ವಾ?"

ಅವನು ನಕ್ಕ. ಕಾಲು ನಿಂತಿತು. ಇಷ್ಟು ಪುಟ್ಟ ಬಾಯಲ್ಲಿ ತನ್ನ ಮಾತು ಉಳಿದಿದೆಯಲ್ಲ ಎಂದು ಎದೆ ತುಂಬಿ ಬಂತು.

ಭಾವಮೈದನಿಗೆ ಆ ನಗು ಸಹಿಸಲಾಗಲಿಲ್ಲ. "ಲಿಫ್ಟ್ ಬಿಡು ಪುಟ್ಟಿ" ಎಂದ. "ನಿಮ್ಮಪ್ಪನಿಗೆ ಒಂದು ಬರ್ಗರ್ ತರೋಕಾಗಲ್ಲ. ಶನಿವಾರ ರಾತ್ರಿ ನಿಂಗೆ ಊಟ ಕೊಡಿಸೋಷ್ಟರಲ್ಲಿ ಭಾನುವಾರ ಬೆಳಗಾಗಿರುತ್ತೆ, ನೋಡ್ತಿರು."

ಅದೇ ಹೊತ್ತಿಗೆ ಬೋರ್ಡಿನಲ್ಲಿ ಒಂದು ನಂಬರು ಮಿನುಗಿತು, ಇವರ ನಂಬರಿಗಿಂತ ಎಷ್ಟೋ ಆಮೇಲಿನದು. ಇವರು ಬಂದು ಎಷ್ಟೋ ಹೊತ್ತಾದ ಮೇಲೆ ಒಳಗೆ ಬಂದಿದ್ದ ಟೈ ಕಟ್ಟಿದವನೊಬ್ಬ ಹೋಗಿ ಟ್ರೇ ಎತ್ತಿಕೊಂಡು, ಪಕ್ಕದ ಮೇಜಿನಲ್ಲೇ ಕೂತು ಕಾಗದ ಬಿಚ್ಚಿದ. ವಾಸನೆ ಮೂಗಿಗೆ ಬಡಿಯಿತು. ಮೀನು.

"ನೋಡಿದ್ರಾ?" ಎಂದ ಭಾವಮೈದ. "ನಿಮಗೊಂದು ನ್ಯಾಯ, ಅವನಿಗೊಂದು ನ್ಯಾಯ. ಇನ್ನೂ ಕೂತ್ಕೊಳ್ಳಿ ಗೊಂಬೆ ಥರ."

ಬೆಂಕಿಗೆ ತುಪ್ಪ ಬಿತ್ತು. ಮಗಳು "ಅಪ್ಪಾ, ಬೇಡ" ಎಂದು ಅಂಗಿಯ ತುದಿ ಹಿಡಿದದ್ದು ಅವನಿಗೆ ಗೊತ್ತಾಯಿತು. ಆ ಪುಟ್ಟ ಬೆರಳುಗಳಿಂದ ಅಂಗಿ ಬಿಡಿಸಿಕೊಂಡದ್ದೂ ಗೊತ್ತಾಯಿತು. ಆದರೂ ಎದ್ದು ಕೌಂಟರಿಗೆ ನುಗ್ಗಿದ.

"ಏಯ್!"

ಅಂಗಡಿಯ ಅರ್ಧ ಜನ ತಿರುಗಿದರು.

"ನಮ್ಮನ್ನೇನು ಭಿಕ್ಷಕ್ಕೆ ಬಂದೋರು ಅಂದ್ಕೊಂಡಿದ್ದೀಯಾ? ಅವನು ಬಂದು ಎಷ್ಟೊತ್ತಾಯ್ತು? ಅವನಿಗೆ ಮೀನು ಎಲ್ಲಿಂದ ಬಂತು? ಅವನಿಗಾದ್ರೆ ಬೇಯುತ್ತೆ, ನನ್ನ ಮಗಳಿಗಾದ್ರೆ ಬೇಯಲ್ವಾ? ಕರಿಯೇ ನಿನ್ನ ಮ್ಯಾನೇಜರ್‌ನ! ಕರೀ ಅಂದೆ!" ಅವನ ಅಂಗೈ ಕೌಂಟರಿನ ಮೇಲೆ ಬಡಿಯಿತು. ಸ್ಟ್ರಾಗಳ ಡಬ್ಬಿ ಉರುಳಿತು. ಡೆಲಿವರಿಯವರು ಹಿಂದೆ ಸರಿದರು. ಎಲ್ಲೋ ಒಂದು ಕೂಸು ಅಳತೊಡಗಿತು.

ಕೌಂಟರಿನವಳು ಅವನನ್ನೇ ನೋಡುತ್ತ ನಿಂತಳು. ಅವಳ ಮುಖದಲ್ಲಿ ಹೆದರಿಕೆಯಿರಲಿಲ್ಲ, ತಿರಸ್ಕಾರವಿತ್ತು. ಮ್ಯಾನೇಜರ್ ಓಡಿ ಬಂದ. ಚೀಟಿಗಳ ಸಾಲಿನಲ್ಲಿ ಎಲ್ಲಕ್ಕಿಂತ ಕೆಳಗಿದ್ದ ಇವರ ಚೀಟಿ ತೆಗೆದು, "ಇದ್ಯಾಕೆ ಇಲ್ಲಿದೆ?" ಎಂದು ಅವಳನ್ನು ಗದರಿ, ಇನ್ಯಾರಿಗೋ ಕರಿದದ್ದನ್ನು ಇವರ ಟ್ರೇಗೆ ಹಾಕಿಸಿದ. ಜೊತೆಗೆ ಒಂದು ರಾಶಿ ಫ್ರೈಸ್, ಕೇಳದ ಐಸ್ ಕ್ರೀಮ್. ಕೂಗಿದವನಿಗೆ ಲೋಕ ಬೇಗ ಬಡಿಸುತ್ತದೆ. ಅವನು ಗೆದ್ದಿದ್ದ. ಗೆದ್ದ ಮುಖವನ್ನು ಮಗಳಿಗೆ ತೋರಿಸೋಣವೆಂದು ತಿರುಗಿದ.

ಮಗಳ ಎರಡೂ ಕೈ ಕಿವಿಯ ಮೇಲಿದ್ದವು.

ಅವಳ ಪಕ್ಕದಲ್ಲಿ ಭಾವಮೈದ ಮೊಬೈಲನ್ನು ಕೌಂಟರಿನ ಕಡೆಗೆ ಚಾಚಿ ಹಿಡಿದುಕೊಂಡಿದ್ದ. ಈಗ ಅದನ್ನು ಕಿವಿಗಿಟ್ಟು, "ಕೇಳಿಸ್ತಾ ಅಕ್ಕಾ?" ಎಂದ. "ನಾನು ಹೇಳಿದ್ರೆ ಚಾಡಿ ಅಂತೀಯ. ನೀನೇ ಕೇಳಿದೆಯಲ್ಲ." ಮಾತಾಡುತ್ತಾ ಗಾಜಿನ ಬಾಗಿಲು ತಳ್ಳಿಕೊಂಡು ಹೊರಗೆ ಹೋದ.

ಲಿಫ್ಟಿನವನು ಬಂದು ಕುರ್ಚಿಯಲ್ಲಿ ಕುಸಿದ. ಕೌಂಟರಿನವಳು ತಾನೇ ಟ್ರೇ ತಂದು ಮೇಜಿನ ಮೇಲೆ ಕುಕ್ಕಿದಳು.

"ತಗೊಳ್ಳಿ, ತಿನ್ನಿ" ಎಂದಳು. "ನಿಧಾನ ಮಾಡಿ ಅಂದಿದ್ದು ನಿಮ್ಮ ಮಗಳೇ. ವಾರ ವಾರ ಬಂದು ನನ್ನ ಕಿವೀಲಿ ಅದನ್ನೇ ಹೇಳ್ತಾಳೆ. ಅಕ್ಕಾ, ನಮ್ಮದು ಕೊನೇಗೆ ಮಾಡಿ, ತಿಂದಾದ್ರೆ ನಾನು ಹೋಗ್ಬೇಕು ಅಂತ. ಯಾವುದಕ್ಕೆ ಜಾಸ್ತಿ ಹೊತ್ತು ಹಿಡಿಯುತ್ತೆ ಅಂತ ಮೊದಲನೇ ದಿನ ಕೇಳಿದ್ಲು. ಮೀನಿಗೆ ಅಂದೆ. ಅವತ್ತಿಂದ ಮೀನೇ. ನಿಮ್ಮ ಚೀಟಿ ಕೆಳಗೆ ತಳ್ಳಿ ತಳ್ಳಿ ನಾನು ಬೈಸ್ಕೊಂಡಿದ್ದು ಇದಕ್ಕಾ?"

ಅವಳು ಹೊರಟು ಹೋದಳು. ವಾರ ವಾರ ತಾನು ಬೋರ್ಡಿಗೆ ಶಾಪ ಹಾಕುತ್ತ ಕಳೆದ ಅಷ್ಟೂ ಹೊತ್ತನ್ನು ಈ ಹುಡುಗಿ ಬೇಡಿ, ಕಾಡಿ, ತನಗೆ ಸೇರದ ಮೀನು ತಿಂದು ಸಂಪಾದಿಸಿಕೊಟ್ಟಿದ್ದಳು. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ?

ಬಾಗಿಲು ತೆರೆಯಿತು. ಭಾವಮೈದ ಬಂದು, ಕೂರದೆ, ಕಾರಿನ ಕೀಲಿ ಕುಣಿಸುತ್ತ ನಿಂತ. "ಅಕ್ಕ ಹೇಳಿದ್ಲು. ಶನಿವಾರ ಇಲ್ಲ. ಮುಂದಿನ ವಾರದಿಂದ ಇದೂ ಇಲ್ಲ. ತಂದಿರೋ ಊಟ ಮಗು ತಿಂದು ಮುಗಿಸ್ಲಿ, ಆಮೇಲೆ ಕರ್ಕೊಂಡು ಬಾ ಅಂದ್ಲು."

ಅಂದರೆ ಈ ಊಟ ಇನ್ನೂ ಅವನದೇ. ಒಪ್ಪಂದ ಒಪ್ಪಂದವೇ, ಬ್ರೇಕು ಕೂಡ ಅದನ್ನು ಮುರಿಯುವಂತಿರಲಿಲ್ಲ. ಟ್ರೇ ತುಂಬ ಇತ್ತು. ಇಷ್ಟನ್ನು ಒಂದೊಂದೇ ತುಣುಕು ತಿಂದರೆ ಸಂಜೆಯವರೆಗೂ ಕೂರಬಹುದಿತ್ತು. ಅವನು ಮುಂದಕ್ಕೆ ಬಗ್ಗಿ, ಜೀವಮಾನದಲ್ಲಿ ಯಾರಿಗೂ ಹೇಳದಷ್ಟು ಮೆತ್ತಗೆ ಹೇಳಿದ.

"ನಿಧಾನವಾಗಿ ತಿನ್ನು ಮಗಾ. ಅವಸರ ಇಲ್ಲ."

ಮಗಳು ಕಿವಿಯಿಂದ ಕೈ ತೆಗೆದಳು. ಅವನ ಮುಖ ನೋಡಲಿಲ್ಲ. ಬರ್ಗರಿನ ಕಾಗದ ಹರಿದು, ಎರಡೂ ಕೈಯಲ್ಲಿ ಹಿಡಿದು ಕಚ್ಚಿದಳು. ನುಂಗುವ ಮೊದಲೇ ಇನ್ನೊಮ್ಮೆ ಕಚ್ಚಿದಳು. ಕೆನ್ನೆ ಉಬ್ಬಿತು, ಕಣ್ಣಲ್ಲಿ ನೀರು ಬಂತು, ಬಾಯಿ ನಿಲ್ಲಲಿಲ್ಲ. ಫ್ರೈಸನ್ನು ಹಿಡಿ ಹಿಡಿಯಾಗಿ ತುಂಬಿಕೊಂಡಳು. "ಮಗಾ, ನೆತ್ತಿಗೆ ಹತ್ತುತ್ತೆ" ಎಂದು ಅವನು ನೀರಿನ ಲೋಟ ಮುಂದೆ ತಳ್ಳಿದ. ಅವಳು ಅದನ್ನು ಮುಟ್ಟಲಿಲ್ಲ. ವಾರ ವಾರ ಒಂದು ಬರ್ಗರನ್ನು ಇಲಿಯ ಹಾಗೆ ಅಂಚಿನಿಂದ ಅಂಚಿಗೆ ಕೊರೆಯುತ್ತ ಕೂರುತ್ತಿದ್ದವಳು, ಐಸ್ ಕ್ರೀಮನ್ನು ಹಲ್ಲು ಜುಮ್ಮೆನ್ನುವುದನ್ನೂ ಲೆಕ್ಕಿಸದೆ ನುಂಗಿ, ಬಟ್ಟಲಿನ ತಳ ಕೆರೆದು, ಟಿಶ್ಯೂ ಇಲ್ಲದ್ದರಿಂದ ಅಂಗೈಯಿಂದ ಬಾಯಿ ಒರೆಸಿಕೊಂಡಳು.

ಖಾಲಿ ಟ್ರೇಯನ್ನು ಅವನ ಕಡೆಗೆ ತಳ್ಳಿದಳು.

"ಆಯ್ತು ಮಾವ" ಎಂದು ಎದ್ದು ನಿಂತಳು. "ಹೋಗೋಣ."