ಹತ್ತೊಂಬತ್ತು ಸುಳ್ಳು ‘ಇಲ್ಲ’

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಅಕ್ಕ ನೆಲಮಾಳಿಗೆಗೆ ಫೋನ್ ಮಾಡಿದಳು. ನನ್ನನ್ನು ಹೊಗಳುವುದಕ್ಕೆ.

“ಲೋ, ನಿನ್ನ ಕೈಗೆ ಬಂಗಾರದ ಕಡಗ ತೊಡಿಸ್ಬೇಕು ಕಣೋ. ಟ್ಯೂಬು ಹಿಡಿಯೋದೇ ತಡ, ಉತ್ತರ ಬಂದು ಕೂತಿರತ್ತೆ. ಕಾಲು ನೋವೇ ಇಲ್ಲ ಇವತ್ತು.”

“ಕಡಗ ಆಮೇಲೆ ಕೊಡ್ಸು. ಡಿಗ್ರಿ ಸಾರ್ ಏನಂದ್ರು?”

“ಅವರೇ ಮಾಡಿದ್ದು ಅಂತ ಮೇಡಂಗೆ ಹೇಳ್ತಿದ್ರು. ಬಿಡು, ಯಾರು ಮಾಡಿದ್ದು ಅಂತ ನನಗೆ ಗೊತ್ತಲ್ಲ. ಒಂದೇ ತಲೆನೋವು ನೋಡು. ವಾರ್ಡಿನೋರಿಗೆ ಇವತ್ತು ಏನು ಬಂದಿದ್ಯೋ, ಯಾರೂ ಆರ್ಡರೇ ಹಾಕ್ತಿಲ್ಲ. ದಿನಕ್ಕೆ ಎರಡೋ ಮೂರೋ ಟ್ಯೂಬು ಎಸೀತಿದ್ದೆ. ಇವತ್ತು ಆಗ್ಲೇ ಕೆಂಪು ಡಬ್ಬಿ ತುಂಬಿ ಹೋಯ್ತು.”

ಕೈಯಲ್ಲಿದ್ದ ಟೀ ಲೋಟವನ್ನು ಕೆಳಗಿಟ್ಟೆ. ಯಾಕೆ ಎಂದು ಹೇಳಬೇಕಾದರೆ ಮೊದಲು ಆ ಲ್ಯಾಬಿನ ಕಥೆ ಹೇಳಬೇಕು.

ಅಕ್ಕ ಆಸ್ಪತ್ರೆಯ ರಕ್ತ ಪರೀಕ್ಷೆ ಲ್ಯಾಬಿನಲ್ಲಿ ಟೆಕ್ನಿಷಿಯನ್. ನಾನು ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಕಂಪ್ಯೂಟರ್ ವಿಭಾಗದ ಸಹಾಯಕ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು, ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಹತ್ತು ವರ್ಷ ಧೂಳು ಒರೆಸುತ್ತಾ ಕೋಡ್ ಓದಲು ಕಲಿತವನು. ನಮ್ಮ ವಿಭಾಗದ ಮುಖ್ಯಸ್ಥರ ಗೋಡೆಯ ಮೇಲೆ ಮೂರು ಪ್ರಮಾಣಪತ್ರಗಳು ಕಟ್ಟು ಹಾಕಿಸಿಕೊಂಡು ತೂಗುತ್ತಿವೆ. ಅದಕ್ಕೇ ನಾನು ಅವರನ್ನು ಡಿಗ್ರಿ ಸಾರ್ ಎನ್ನುವುದು, ಬೆನ್ನ ಹಿಂದೆ. ಅವರು ನನ್ನನ್ನು ‘ಎಂಟನೇ ಕ್ಲಾಸು’ ಎನ್ನುತ್ತಾರೆ, ಮುಖದ ಮೇಲೇ.

ರಕ್ತ ಅಳೆಯುವ ಯಂತ್ರ ಬಲು ಹಳೆಯದು. ಅದರ ಜೊತೆ ಮಾತಾಡುವ ಪ್ರೋಗ್ರಾಮು ಅದಕ್ಕಿಂತ ಹಳೆಯದು, ಹೊಸ ಕಂಪ್ಯೂಟರಿನಲ್ಲಿ ಕೂರುವುದೇ ಇಲ್ಲ. ಹಾಗಾಗಿ ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಒಂದು ನಕಲಿ ಹಳೆ ಕಂಪ್ಯೂಟರನ್ನು ಸಾಕಿದ್ದೇವೆ. ವರ್ಚುವಲ್ ಮಷೀನ್ ಎನ್ನುತ್ತಾರೆ. ತಾನು ಇನ್ನೊಬ್ಬರ ಹೊಟ್ಟೆಯಲ್ಲಿದ್ದೇನೆಂದು ಅದಕ್ಕೆ ಗೊತ್ತಿಲ್ಲ. ಹೊರಗಿನ ಲೋಕ ನೋಡಲು ಅದಕ್ಕಿರುವುದು ಒಂದೇ ಕಿಟಕಿ: ಒಳಗಿನದೂ ಹೊರಗಿನದೂ ಹಂಚಿಕೊಂಡ ಒಂದು ಫೋಲ್ಡರು. ವಾರ್ಡಿನ ನರ್ಸ್ ಆರ್ಡರ್ ಹಾಕಿದರೆ ಟ್ಯೂಬಿನ ನಂಬರಿನ ಹೆಸರಲ್ಲಿ ಒಂದು ಫೈಲು ಆ ಫೋಲ್ಡರಿಗೆ ಬಂದು ಬೀಳುತ್ತದೆ. ಅಕ್ಕ ಟ್ಯೂಬನ್ನು ಸ್ಕ್ಯಾನ್ ಮಾಡುತ್ತಾಳೆ, ಒಳಗಿನದು ಕಿಟಕಿಯಲ್ಲಿ ‘ಈ ನಂಬರಿನ ಫೈಲು ಇದೆಯಾ’ ಎಂದು ಕೇಳುತ್ತದೆ. ಇದ್ದರೆ ಪರೀಕ್ಷೆ. ಇಲ್ಲದಿದ್ದರೆ ಇಲ್ಲ.

ಕಿಟಕಿಯ ಕೋಡು ಮಹಾ ಸೋಮಾರಿ. ಒಳಗಿನ ಹಳಬನಿಗೆ ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಒಂದೇ, ಹೊರಗಿನವನಿಗೆ ಬೇರೆ ಬೇರೆ. ಹೀಗಾಗಿ ಒಂದು ಹೆಸರು ಕೇಳಿದರೆ ಫೋಲ್ಡರಿನ ಒಂದು ಲಕ್ಷ ನಲವತ್ತು ಸಾವಿರ ಹೆಸರನ್ನೂ ಒಂದೊಂದಾಗಿ ಓದಿ ಹೋಲಿಸುತ್ತಿತ್ತು. ಒಬ್ಬ ಹುಡುಗ ಬಂದಿದ್ದಾನಾ ಎಂದು ಕೇಳಿದರೆ ಇಡೀ ಶಾಲೆಯ ಹಾಜರಿ ಕರೆದ ಹಾಗೆ. ಮೂರು ಸೆಕೆಂಡು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆ ಹಳೆ ಪ್ರೋಗ್ರಾಮಿಗೆ ಒಂದು ಚಟವಿದೆ. ಪ್ರತಿ ಟ್ಯೂಬಿಗೂ ಮೊದಲು ಹನ್ನೆರಡು ಕೆಲಸಕ್ಕೆ ಬಾರದ ಫೈಲುಗಳನ್ನು ಕೇಳುತ್ತದೆ, ಯಾವುದೋ ಪ್ರಿಂಟರಿನದು, ಯಾವುದೋ ಭಾಷೆಯದು. ಅವು ಎಂದೂ ಇರಲಿಲ್ಲ, ಎಂದೂ ಬರುವುದಿಲ್ಲ. ಹನ್ನೆರಡು ಸಲ ಹಾಜರಿ ಕರೆದು ಹನ್ನೆರಡು ಸಲ ‘ಇಲ್ಲ’ ಅನ್ನಿಸಿಕೊಂಡ ಮೇಲೆ ಟ್ಯೂಬಿನ ಸರದಿ. ಒಟ್ಟು ನಲವತ್ತು ಸೆಕೆಂಡು. ದಿನಕ್ಕೆ ಮುನ್ನೂರು ಟ್ಯೂಬು. ನನ್ನ ಅಕ್ಕ ದಿನಕ್ಕೆ ಮೂರು ಗಂಟೆಗೂ ಹೆಚ್ಚು ಕಾಲ ಕೈಯಲ್ಲಿ ಪರರ ರಕ್ತ ಹಿಡಿದು ಸುಮ್ಮನೆ ನಿಲ್ಲುತ್ತಿದ್ದಳು. ಸಂಜೆ ಮನೆಗೆ ಬಂದು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂರುತ್ತಿದ್ದಳು.

“ಅದು ಇರೋದೇ ಹಾಗೆ,” ಎನ್ನುತ್ತಿದ್ದರು ಡಿಗ್ರಿ ಸಾರ್. ಇರೋದೇ ಹಾಗೆ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆ ಕಿಟಕಿಯ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಮೂರು ವಾರ ಕೂತೆ. ನಾನು ಮಾಡಿದ್ದು ಒಂದೇ ಕೆಲಸ. ಒಂದು ಸಲ ‘ಇಲ್ಲ’ ಎಂದ ಹೆಸರನ್ನು ನೆನಪಿಟ್ಟುಕೋ, ಮತ್ತೆ ಕೇಳಿದರೆ ಹಾಜರಿ ಕರೆಯಬೇಡ, ನೆನಪಿನಿಂದಲೇ ‘ಇಲ್ಲ’ ಅನ್ನು. ನಲವತ್ತು ಸೆಕೆಂಡು ಮೂರಕ್ಕೆ ಇಳಿಯಿತು.

ನೆನಪಿಗೆ ಒಂದು ಗಡುವನ್ನೂ ಇಟ್ಟಿದ್ದೆ. ನಿಮಿಷ ಕಳೆದರೆ ಎಲ್ಲ ‘ಇಲ್ಲ’ಗಳನ್ನೂ ಮರೆತು ಹೊಸದಾಗಿ ನೋಡು ಎಂಬ ಒಂದು ಸಾಲು. ಡಿಗ್ರಿ ಸಾರ್‌ಗೆ ತೋರಿಸಿದ ದಿನ ಅದು ನಿಮಿಷಕ್ಕೊಮ್ಮೆ ನಲವತ್ತು ಸೆಕೆಂಡು ನಿಲ್ಲುತ್ತಿತ್ತು. “ಏನಯ್ಯ ಎಂಟನೇ ಕ್ಲಾಸು, ನಿನ್ನ ಕುದುರೆ ಮಧ್ಯೆ ಮಧ್ಯೆ ಉಸಿರು ತಗೊಳತ್ತಲ್ಲ,” ಎಂದು ನಕ್ಕರು. ಪಕ್ಕದ ಮೇಜಿನವರೂ ನಕ್ಕರು. ನಾನು ಆ ಸಾಲನ್ನು ಅವರ ಎದುರಿಗೇ ಅಳಿಸಿ ಹಾಕಿದೆ. ಅಳಿಸುವಾಗ ನನ್ನ ತಲೆಯಲ್ಲಿದ್ದದ್ದು ಆ ಹನ್ನೆರಡು ಫೈಲು ಮಾತ್ರ. ಹೇಗೂ ಎಂದೂ ಬಾರದವು, ಮರೆಯುವುದೇಕೆ? ಹಿಂದಿನ ದಿನದ ಟ್ಯೂಬುಗಳನ್ನಿಟ್ಟು ಪರೀಕ್ಷಿಸಿದೆ. ಎಲ್ಲದರ ಆರ್ಡರೂ ಮೊದಲೇ ಬಂದಿತ್ತು, ಎಲ್ಲವೂ ಸರಿಯಾಗಿ ನಡೆಯಿತು. ಇವತ್ತು ಬೆಳಿಗ್ಗೆ ಏಳಕ್ಕೆ ಲ್ಯಾಬಿಗೆ ಹಾಕಿದೆವು.

ಈಗ ಫೋನಿನಲ್ಲಿ ಅಕ್ಕನನ್ನು ಕೇಳಿದೆ. “ಎಸೆದಿರೋದ್ರಲ್ಲಿ ಒಂದು ನಂಬರ್ ಹೇಳು.”

“ಯಾಕೋ, ದನಿ ಹೀಗಾಯ್ತು? ತಾಳು, ಕೈ ಮೇಲೆ ಬರ್ಕೊಂಡಿದೀನಿ ಒಂದನ್ನ. ಎಮರ್ಜೆನ್ಸಿದು. ನಾಲ್ಕು ಸೊನ್ನೆ ಏಳು ಒಂದು ಎರಡು.”

ಹೊರಗಿನಿಂದ ಫೋಲ್ಡರು ತೆರೆದು ನೋಡಿದೆ. 40712 ಅಲ್ಲೇ ಕೂತಿತ್ತು. ಬಂದ ಹೊತ್ತು ಒಂಬತ್ತು ಗಂಟೆ ನಾಲ್ಕು ನಿಮಿಷ.

“ನೀನು ಯಾವಾಗ ಸ್ಕ್ಯಾನ್ ಮಾಡ್ದೆ?”

“ಯಾವತ್ತಿನ ಹಾಗೇ. ಬಂದ ಕೂಡ್ಲೆ ಒಂದು ಸಲ, ಒಂಬತ್ತಕ್ಕೆ. ಇಲ್ಲ ಅಂತು. ಪಕ್ಕಕ್ಕಿಟ್ಟು ಒಂಬತ್ತೂ ಕಾಲಿಗೆ ಇನ್ನೊಂದು ಸಲ. ಆಗ್ಲೂ ಇಲ್ಲ ಅಂತು. ಎರಡು ಸಲ ಇಲ್ಲ ಅಂದ್ರೆ ಡಬ್ಬಿಗೆ ಅಲ್ವಾ?”

ಬಂದ ಕೂಡಲೇ ಒಂದು ಸಲ. ಮನೆಯಲ್ಲಿ ಎದುರು ಬದುರು ಕೂತು ಉಣ್ಣುವ ಅಕ್ಕ ಹೀಗೆ ಕೆಲಸ ಮಾಡುತ್ತಾಳೆಂದು ನನಗೆ ಗೊತ್ತಿರಲಿಲ್ಲ. ನಿಯಮದ ಪುಸ್ತಕದಲ್ಲಿ ಮೊದಲು ಆರ್ಡರು, ಆಮೇಲೆ ರಕ್ತ. ಎಮರ್ಜೆನ್ಸಿಯಲ್ಲಿ ಯಾರು ಪುಸ್ತಕ ನೋಡಿಕೊಂಡು ಕೂರುತ್ತಾರೆ? ರಕ್ತ ಎಳೆದು ಓಡಿಸುತ್ತಾರೆ, ಆರ್ಡರ್ ಆಮೇಲೆ ಹಾಕುತ್ತಾರೆ. ಅಕ್ಕನ ಮೊದಲ ಸ್ಕ್ಯಾನಿಗೆ ಬಂದ ‘ಇಲ್ಲ’ ನಿಜ. ನನ್ನ ಕೋಡು ಅದನ್ನು ನೆನಪಿಟ್ಟುಕೊಂಡು ಎರಡನೆಯ ಸಲ ಹೊರಗೆ ಇಣುಕಿ ನೋಡದೆಯೇ ‘ಇಲ್ಲ’ ಎಂದಿತು.

“ಡಬ್ಬಿ ಎಲ್ಲಿ?”

“ಹತ್ತೂವರೆಗೆ ತಗೊಂಡ್ ಹೋದ್ರು. ಸುಟ್ಟಾಯ್ತು.”

ಆಗ ಇನ್ನೊಂದು ವಿಷಯ ನೆನಪಾಯಿತು. ಲ್ಯಾಬಿನವರು ವಾರ್ಡಿಗೆ ಫೋನ್ ಮಾಡುವುದು ಅಪಾಯದ ಅಂಕಿ ಬಂದರೆ ಮಾತ್ರ. ಉಳಿದ ವರದಿಗಳೆಲ್ಲ ಮಧ್ಯಾಹ್ನ ಒಟ್ಟಿಗೆ ಹೋಗುತ್ತವೆ. ಫೋನ್ ಬರಲಿಲ್ಲವೆಂದರೆ ರಕ್ತ ಸರಿಯಾಗಿದೆ ಎಂದು ವಾರ್ಡಿನವರ ಲೆಕ್ಕ. ಬೆಳಿಗ್ಗೆಯಿಂದ ಎಷ್ಟೋ ಮಂಚಗಳ ಪಕ್ಕ ಆ ಮೌನವನ್ನು ಒಳ್ಳೆಯ ಸುದ್ದಿ ಎಂದುಕೊಂಡು ಕೂತಿದ್ದಾರೆ.

“ಅಕ್ಕಾ, ಆ ಕಂಪ್ಯೂಟರ್ ಯಾರೂ ಮುಟ್ಬಾರ್ದು.”

“ನಾನ್ಯಾಕೆ ಮುಟ್ಲಿ? ಡಬ್ಬಿ ತುಂಬಿದ್ದು ನೋಡಿ ಮೇಡಂ ನಿಮ್ಮ ಡಿಗ್ರಿ ಸಾರ್‌ನ ಕರೆಸಿದಾರೆ. ಬಂದ್ರು ನೋಡು.” ಫೋನ್ ಇಟ್ಟಳು.

ಡಿಗ್ರಿ ಸಾರ್‌ಗೆ ಗೊತ್ತಿರುವ ಮದ್ದು ಒಂದೇ. ಆರಿಸಿ ಹಚ್ಚುವುದು. ನಾನು ಮತ್ತೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಡಿಗ್ರಿ ಸಾರ್ ಮೊಬೈಲಿಗೆ ಮಾಡಿದೆ, ಅದು ಅವರ ಮೇಜಿನ ಮೇಲೆಯೇ ಹೊಡೆದುಕೊಳ್ಳತೊಡಗಿತು. ಎದ್ದು ಓಡಿದೆ. ನೆಲಮಾಳಿಗೆಯಿಂದ ಮೂರನೇ ಮಹಡಿ.

ಓಡುತ್ತಾ ಹೊಳೆಯಿತು, ಆರಿಸಿ ಹಚ್ಚಿದರೆ ನನಗೇ ಒಳ್ಳೆಯದು. ಆ ‘ಇಲ್ಲ’ಗಳು ಇರುವುದು ಆ ನಕಲಿ ಕಂಪ್ಯೂಟರಿನ ನೆನಪಿನಲ್ಲಿ ಮಾತ್ರ. ಆರಿಸಿದರೆ ಅಳಿಸಿಹೋಗುತ್ತವೆ. ಎಲ್ಲವೂ ಸರಿಹೋದಂತೆ ಕಾಣುತ್ತದೆ. ಗಡುವಿನ ಸಾಲನ್ನು ಸದ್ದಿಲ್ಲದೆ ವಾಪಸ್ಸು ಹಾಕಿದರೆ ನರಪಿಳ್ಳೆಗೂ ತಿಳಿಯದು. ಎರಡನೇ ಮಹಡಿಯ ತಿರುವಿನಲ್ಲಿ ಕಂಬಿ ಹಿಡಿದು ನಿಂತೆ. ಸುಳ್ಳು ಯಾಕೆ ಹೇಳಲಿ, ನಿಂತೆ. ಹತ್ತು ಉಸಿರಿನಷ್ಟು ಹೊತ್ತು.

ಆದರೆ ಯಾರ ರಕ್ತ ಸುಟ್ಟು ಹೋಯಿತು ಎನ್ನುವುದಕ್ಕೆ ಇರುವ ಪಟ್ಟಿಯೂ ಅದೊಂದೇ. ಅದನ್ನು ಆರಿಸಿದರೆ ಮಧ್ಯಾಹ್ನದವರೆಗೆ ಆ ಜನ ಯಾರೆಂದು ಯಾರಿಗೂ ತಿಳಿಯುವುದಿಲ್ಲ. ಮಧ್ಯಾಹ್ನ ವರದಿ ಬಾರದೆ ಕೇಳುವಾಗ ಎಸೆದವಳು ಯಾರು ಎಂಬ ಪ್ರಶ್ನೆ ಬರುತ್ತದೆ. ಎಸೆದವಳು ನನ್ನ ಅಕ್ಕ.

ಲ್ಯಾಬಿನ ಬಾಗಿಲು ನೂಕಿದಾಗ ಮೇಡಂ, ಅಂದರೆ ಲ್ಯಾಬಿನ ಹಿರಿಯ ಡಾಕ್ಟರು, ಅಕ್ಕನ ಎದುರು ನಿಂತಿದ್ದರು.

“ಇಪ್ಪತ್ತೊಂದು ಟ್ಯೂಬಿಗೂ ಆರ್ಡರ್ ಇಲ್ಲ ಅಂದ್ರೆ ನಾನು ನಂಬ್ಬೇಕಾ? ನೀವು ಸರಿಯಾಗಿ ಸ್ಕ್ಯಾನ್ ಮಾಡಿಲ್ಲ.”

“ಎರಡೆರಡು ಸಲ ಮಾಡಿದೀನಿ ಮೇಡಂ.” ಅಕ್ಕನ ಕಣ್ಣು ನೆಲದ ಮೇಲಿತ್ತು.

ಡಿಗ್ರಿ ಸಾರ್ ಕುರ್ಚಿಯಲ್ಲಿ ಕೂತು ಮೌಸ್ ಹಿಡಿದಿದ್ದರು. “ಒಂದು ಸಲ ರೀಸ್ಟಾರ್ಟ್ ಮಾಡ್ಬಿಟ್ರೆ ಎಲ್ಲ ಸರಿಹೋಗತ್ತೆ ಮೇಡಂ.” ಪರದೆಯ ಮೇಲೆ ‘ಖಚಿತವೇ?’ ಎಂಬ ಪ್ರಶ್ನೆ ಬಂದು ನಿಂತಿತ್ತು.

ನಾನು ಹೋಗಿ ಅವರ ಕೈ ಮೇಲೆ ಕೈ ಇಟ್ಟು ಮೌಸ್ ಕಿತ್ತುಕೊಂಡೆ.

“ಏಯ್, ತಲೆ ಕೆಟ್ಟಿದ್ಯಾ ನಿಂಗೆ?”

“ಇವಳದ್ದು ತಪ್ಪಿಲ್ಲ ಮೇಡಂ. ಆರ್ಡರ್ ಬಂದಿದ್ರೂ ಬಂದಿಲ್ಲ ಅಂತ ಸುಳ್ಳು ಹೇಳಿದ್ದು ನನ್ನ ಕೋಡು. ಯಾವ್ಯಾವ ಟ್ಯೂಬಿಗೆ ಹೇಳಿದೆ ಅನ್ನೋದು ಇದರೊಳಗೇ ಇದೆ. ಆರಿಸಿದ್ರೆ ಹೋಯ್ತು.”

ಮೇಡಂ ಡಿಗ್ರಿ ಸಾರ್ ಕಡೆ ತಿರುಗಿದರು. “ನೀವೇ ಬರೆದಿದ್ದು ಅಂದ್ರಲ್ಲ ಬೆಳಿಗ್ಗೆ?”

“ಮೇಲ್ವಿಚಾರಣೆ ನಂದು ಮೇಡಂ. ಬರೆದಿದ್ದು ಇವನು.” ಬೆಳಿಗ್ಗೆ ಏಳರಿಂದ ಆ ಕೋಡಿಗೆ ಇದ್ದ ತಂದೆ ಒಂದೇ ಉಸಿರಿಗೆ ದಾಯಾದಿಯಾದರು.

ಕೂತೆ. ಪರೀಕ್ಷೆಯ ದಿನಗಳಲ್ಲಿ ನೆನಪಿನ ಪಟ್ಟಿಯನ್ನು ಹೊರಗೆ ಸುರಿಯಲು ಒಂದು ಆಜ್ಞೆ ಬರೆದುಕೊಂಡಿದ್ದೆ. ಕಸ ಅದು, ತೆಗಿ ಎಂದು ಡಿಗ್ರಿ ಸಾರ್ ಎರಡು ಸಲ ಹೇಳಿದ್ದರು. ಹಟಕ್ಕೆ ಬಿಟ್ಟಿದ್ದೆ. ಅವಸರದಲ್ಲಿ ಎರಡು ಸಲ ತಪ್ಪು ಒತ್ತಿದೆ. ಮೂರನೆಯ ಸಲಕ್ಕೆ ಹೆಸರುಗಳು ಇಳಿದವು. ಆ ಹನ್ನೆರಡು ದರಿದ್ರ ಫೈಲು, ಅವುಗಳ ಕೆಳಗೆ ಟ್ಯೂಬಿನ ನಂಬರುಗಳು. ಒಂದೊಂದನ್ನೂ ಹೊರಗಿನ ಫೋಲ್ಡರಿಗೆ ಹೋಲಿಸಿದೆ. ಎರಡಕ್ಕೆ ನಿಜಕ್ಕೂ ಆರ್ಡರ್ ಇರಲಿಲ್ಲ. ಹತ್ತೊಂಬತ್ತಕ್ಕೆ ಇತ್ತು.

ಮೇಡಂ ಪಟ್ಟಿಯನ್ನು ಪ್ರಿಂಟ್ ತೆಗೆಸಿ ಎರಡು ತುಂಡು ಮಾಡಿ ಅರ್ಧ ಅಕ್ಕನಿಗೆ ಕೊಟ್ಟರು, ಅರ್ಧ ತಾವು ಹಿಡಿದರು. ಎರಡು ಫೋನು. “ಲ್ಯಾಬಿಂದ. ಆ ರಕ್ತ ಇನ್ನೊಂದ್ಸಲ ತೆಗೀರಿ. ಹೌದು, ಈಗ್ಲೇ. ಬೈರಿ ಪರ್ವಾಗಿಲ್ಲ, ಮೊದ್ಲು ತೆಗೀರಿ.” ಅವರು ಕೂಗುತ್ತಿರುವಾಗ ನಾನು ನನ್ನ ಕೋಡನ್ನು ಕಿತ್ತು ಹಳೆಯದನ್ನು ಹಾಕಿದೆ. ಆಮೇಲೆ ನಾನೇ ಆರಿಸಿ ಹಚ್ಚಿದೆ.

ಹದಿನೆಂಟು ಜನ ಮಂಚದ ಮೇಲಿದ್ದರು. ಹತ್ತೊಂಬತ್ತನೆಯದು 40712.

ಅಕ್ಕ ರಿಸೀವರಿನ ಬಾಯಿ ಮುಚ್ಚಿ ಹೇಳಿದಳು. “ಸುಸ್ತು ಅಂತ ಬಂದಿದ್ದ ಹೆಂಗಸಂತೆ, ಟೈಲರ್. ಫೋನ್ ಬರ್ಲಿಲ್ಲ ಅಂತ ಹತ್ತು ನಿಮಿಷದ ಹಿಂದೆ ಮನೆಗೆ ಕಳ್ಸಿದಾರೆ. ಮೊಬೈಲ್ ಸ್ವಿಚಾಫ್.”

ಮತ್ತೆ ಮೆಟ್ಟಿಲು. ಗೇಟಿನಾಚೆ ಬಸ್ ನಿಲ್ದಾಣದ ತಗಡಿನ ಕೆಳಗೆ ಮೂವತ್ತು ಜನ. ನನಗೆ ಗೊತ್ತಿದ್ದದ್ದು ಒಂದು ನಂಬರು, ಒಂದು ಕಸುಬು. ಬಸ್ಸೊಂದು ಬಂದು ನಿಲ್ಲುತ್ತಿತ್ತು.

“ಬೆಳಿಗ್ಗೆ ರಕ್ತ ಕೊಟ್ಟೋರು ಯಾರು ಇಲ್ಲಿ?” ಎಂದು ಕೂಗಿದೆ.

ಜನ ಹುಚ್ಚನನ್ನು ನೋಡುವಂತೆ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ತೋಳು ಎತ್ತಿದರು. ಐದಾರು ಮೊಣಕೈಗಳಲ್ಲಿ ಹತ್ತಿ, ಅಂಟುಪಟ್ಟಿ.

“ಟೈಲರ್ ಯಾರು?”

ಬಸ್ಸಿನ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟಿದ್ದ ಹೆಂಗಸು ತಿರುಗಿದರು. ನನ್ನ ಅಕ್ಕನ ವಯಸ್ಸು. ಹಿಂದೆ ಗಂಡ, ಚೀಲ ಹಿಡಿದುಕೊಂಡು.

“ನಾನೇ. ಏನಾದ್ರೂ ಬಿಟ್ಟು ಬಂದ್ನಾ?”

“ವಾಪಸ್ ಬರ್ಬೇಕಮ್ಮ. ರಕ್ತ ಇನ್ನೊಂದು ಸಲ ತೆಗೀಬೇಕು.”

“ಎಲ್ಲ ಸರಿ ಇದೆ ಅಂದ್ರಲ್ಲಪ್ಪ?”

“ಪರೀಕ್ಷೇನೇ ಆಗಿಲ್ಲ ಅಮ್ಮ. ನನ್ನಿಂದ ತಪ್ಪಾಯ್ತು.”

ಗಂಡ ಬಯ್ಯಲು ಬಾಯಿ ತೆರೆದರು. ಹೆಂಗಸು ಕಾಲನ್ನು ಕೆಳಗಿಳಿಸಿ, “ನಡೀರಿ, ಹೇಗೂ ಆ ಬಸ್ಸಲ್ಲಿ ನಿಲ್ಲೋಕೂ ಜಾಗ ಇಲ್ಲ,” ಎಂದರು. ನಡೆಯುವಾಗ ಎರಡು ಸಲ ನಿಂತು ಎದೆ ಹಿಡಿದುಕೊಂಡರು. ಎರಡನೆಯ ಸಲ ನಾನು ಓಡಿ ತಳ್ಳುಕುರ್ಚಿ ತಂದೆ.

ಹೊಸ ಟ್ಯೂಬನ್ನು ನಾನೇ ಮೂರನೇ ಮಹಡಿಗೆ ಒಯ್ದೆ. ಈ ಸಲ ನರ್ಸ್ ಅದೇ ನಂಬರಿಗೆ ಮೊದಲು ಹೊಸ ಆರ್ಡರ್ ಹಾಕಿದ್ದರು, ಬಗ್ಗಿ ನೋಡಿಕೊಂಡಿದ್ದೆ. ಅಕ್ಕ ಸ್ಕ್ಯಾನ್ ಮಾಡಿದಳು.

ಹಳೆ ಕೋಡು ಹಾಜರಿ ಕರೆಯತೊಡಗಿತು. ಮೊದಲ ಇಲ್ಲದ ಫೈಲಿಗೆ ಒಂದು ಲಕ್ಷ ನಲವತ್ತು ಸಾವಿರ ಹೆಸರು. ಎರಡನೆಯ ಇಲ್ಲದ ಫೈಲಿಗೆ ಮತ್ತೆ ಅಷ್ಟೂ. ಡಿಗ್ರಿ ಸಾರ್ ಮೂಲೆಯಲ್ಲಿ ಮೇಡಂಗೆ ಏನೋ ಪಿಸುಗುಡುತ್ತಿದ್ದರು, ನನ್ನ ಬಗ್ಗೆಯೇ ಇರಬೇಕು. ಹದಿನೈದು, ಹದಿನಾರು, ನಾನು ಎಣಿಸುತ್ತಿದ್ದೆ. ಅಕ್ಕ ಕೈಯಲ್ಲಿ ಟ್ಯೂಬು ಹಿಡಿದು ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹಾಕಿದಳು. ಮೂವತ್ತೆಂಟು. ಮೂವತ್ತೊಂಬತ್ತು.

‘ಇದೆ.’

ಯಂತ್ರ ಟ್ಯೂಬನ್ನು ಒಳಗೆಳೆದುಕೊಂಡಿತು. ಹನ್ನೆರಡು ನಿಮಿಷ ಹಿಡಿಯಿತು. ಅಂಕಿ ಬಂದಾಗ ಅಕ್ಕ ಅದನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಫೋನ್ ಎತ್ತಿದಳು.

“ಎಮರ್ಜೆನ್ಸಿನಾ? ಲ್ಯಾಬಿಂದ. ನಾಲ್ಕು ಸೊನ್ನೆ ಏಳು ಒಂದು ಎರಡು. ಪೊಟ್ಯಾಸಿಯಂ ಏಳು ದಾಟಿದೆ. ಹ್ಞೂಂ, ಡಾಕ್ಟರ್‌ಗೆ ಈಗ್ಲೇ ಹೇಳಿ. ಇಲ್ಲ, ಮನೆಗೆ ಹೋಗಿಲ್ಲ. ಅಲ್ಲೇ ಇದಾರೆ, ನಿಮ್ಮ ಬಾಗಿಲ ಪಕ್ಕದ ತಳ್ಳುಕುರ್ಚಿ ನೋಡಿ.”