ಟಫಿ ಸುಟ್ಟ ಕಾಗದ ಮತ್ತೆ ಸಿಕ್ಕ ಕಥೆ

ನಮ್ಮ ಲಾರ್ಕ್ ಕ್ರೀಕಿನಲ್ಲಿ ಟಯರು ಪಂಕ್ಚರ್ ಆದರೆ ಹೋಗುವುದಕ್ಕಿರುವುದು ಒಂದೇ ಜಾಗ, ಆರ್ಡಿಸ್ ಕ್ವಾಮೆಯ ಅಂಗಡಿ. ಅದು ಬಿಟ್ಟರೆ ಇನ್ನೊಂದು ಅಂಗಡಿ ಅರವತ್ತೆರಡು ಮೈಲಿ ದೂರದಲ್ಲಿದೆ. ನಾನು ವೆಂಡೆಲ್, ಊರಿನ ಟಪಾಲಿನವನು. ದಿನಕ್ಕೆ ನೂರ ನಲವತ್ತು ಮೈಲಿ ಜಲ್ಲಿ ರಸ್ತೆಯಲ್ಲಿ ಓಡಾಡುವವನಿಗೆ ಕಟ್ಟಿಕೊಂಡ ಹೆಂಡತಿಗಿಂತ ಆರ್ಡಿಸ್ ಮುಖ ಕಾಣುವುದೇ ಹೆಚ್ಚು. ಅವಳಿಗೆ ಅರವತ್ತಾರು ವರ್ಷ. ಗಂಡ ಟಫಿ ತೀರಿಕೊಂಡು ಎರಡು ವರ್ಷವಾಯಿತು. ಅವನು ಹೋದ ವಾರವೇ ಅಂಗಡಿ ಬಾಗಿಲು ತೆಗೆದು, ಟ್ರ್ಯಾಕ್ಟರಿನ ಚಕ್ರವನ್ನು ಒಬ್ಬಳೇ ಉರುಳಿಸಿಕೊಂಡು ಬಂದವಳು ಅವಳು. ಅಂಥವಳ ಎದುರು ನಾನು ಟೋಪಿ ತೆಗೆದೇ ಮಾತಾಡುವುದು.

ಹೋದ ಮೇ ತಿಂಗಳ ಒಂದು ಬೆಳಿಗ್ಗೆ ಅಂಚೆ ಕಚೇರಿಯ ಹಲಗೆಗೆ ಅವಳು ಒಂದು ಚೀಟಿ ಚುಚ್ಚುತ್ತಿದ್ದಳು. ಓದಿದೆ. ಗಾಳಿಯ ಯಂತ್ರ, ಗಾಡಿ ಎತ್ತುವ ಲಿಫ್ಟು, ಎಲ್ಲ ಮಾರಾಟಕ್ಕಿದೆ ಎಂದು ಬರೆದಿತ್ತು.

"ಏನೇ ಇದು ಆರ್ಡಿಸ್? ನಾಳೆಯಿಂದ ನನ್ನ ಟಯರಿಗೆ ನಾನೇ ಊದ್ಬೇಕಾ?"

"ಊದ್ಕೋ. ನಿನ್ನ ಬಾಯಲ್ಲಿ ಗಾಳಿಗೇನು ಬರಗಾಲ?"

ಮಾತೇನೋ ಎಂದಿನಂತೆಯೇ ಬಂತು. ಆದರೆ ಒಂದು ಪಿನ್ನು ಸಾಕಾಗುವ ಚೀಟಿಗೆ ಅವಳು ನಾಲ್ಕು ಚುಚ್ಚಿದ್ದಳು. ನಾನು ಅಲ್ಲಿಂದ ಅಲ್ಲಾಡಲಿಲ್ಲ. ಕೊನೆಗೆ ಅವಳು ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ನನ್ನ ಕೈಗಿಟ್ಟಳು. ಕೋರ್ಟಿನ ಸಮನ್ಸು. ಆರು ದಿನದ ಹಿಂದೆ ಪೊಲೀಸ್ ಮುಖ್ಯಸ್ಥ ಷೆರಿಫನ ಆಳು ತಂದುಕೊಟ್ಟಿದ್ದನಂತೆ.

ವಿಷಯ ಇಷ್ಟು. ಹತ್ತು ವರ್ಷದ ಹಿಂದೆ ಗಂಡ ಹೆಂಡತಿ ಇಬ್ಬರೂ ಮೊಂಟಾನಾದ ಗಡಿ ದಾಟಿ ಪಕ್ಕದ ನಾರ್ತ್ ಡಕೋಟಾ ರಾಜ್ಯದ ಎಣ್ಣೆ ಬಾವಿಗಳ ಊರಿನಲ್ಲಿ ಲಾರಿ ರಿಪೇರಿ ಗ್ಯಾರೇಜು ಇಟ್ಟಿದ್ದರು. ಎರಡು ವರ್ಷಕ್ಕೆ ಎಣ್ಣೆಯ ಬೆಲೆ ಬಿತ್ತು, ಲಾರಿಗಳು ಊರು ಬಿಟ್ಟವು, ಗ್ಯಾರೇಜು ಮುಳುಗಿತು. ಆಗ ಇಬ್ಬರೂ ದಿವಾಳಿ ಅರ್ಜಿ ಹಾಕಿದ್ದರು. "ಎಲ್ಲ ಮುಗೀತು, ಇನ್ನು ಯಾರೂ ಕೇಳಂಗಿಲ್ಲ" ಎಂದು ಟಫಿ ಹೆಂಡತಿಗೆ ಹೇಳಿದ್ದ. ಊರಿಗೆ ಬಂದವನೇ ಅಷ್ಟೂ ಕಾಗದವನ್ನು ಒಲೆಗೆ ಹಾಕಿದ. ಅವಮಾನವನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ಮನುಷ್ಯ ಅವನಲ್ಲ. ಈಗ, ಹೆಸರೇ ಕೇಳದ ಒಂದು ಕಂಪನಿ ಆ ಗ್ಯಾರೇಜಿನ ಉಪಕರಣಗಳ ಹಳೇ ಬಾಕಿಯ ವಸೂಲಿ ಹಕ್ಕನ್ನು ಯಾರಿಂದಲೋ ಕೊಂಡುಕೊಂಡು ಆರ್ಡಿಸ್ ಮೇಲೆ ದಾವೆ ಹೂಡಿತ್ತು.

"ಹಂಗಾದ್ರೆ ದಿವಾಳಿ ಆಗಿದೆ ಅಂತ ಹೇಳು, ಮುಗೀತಲ್ಲ" ಅಂದೆ.

"ಹೇಳಿದೆ ಕಣೋ, ಫೋನಲ್ಲಿ. ಕಾಗದ ತೋರಿಸಿ ಅಂದ್ರು. ಬೂದಿ ತೋರಿಸ್ಲಾ?"

"ಲೋರ್ನಾನ ಕೇಳಿದ್ಯಾ?"

ಲೋರ್ನಾ ಬ್ರೆಕ್ಕೆ ನಮ್ಮ ಕೌಂಟಿ, ಅಂದರೆ ಜಿಲ್ಲೆಯ, ಕೋರ್ಟಿನ ಗುಮಾಸ್ತೆ. ಮೂವತ್ತೊಂದು ವರ್ಷದಿಂದ ಆ ಕಚೇರಿಯಲ್ಲಿ ಇರುವವಳು ಅವಳೊಬ್ಬಳೇ.

"ಲೋರ್ನಾನ ಕೇಳಿದ್ರೆ ಸಂಜೆ ಹೊತ್ತಿಗೆ ಕೆಫೆಯಲ್ಲಿ ಎಲ್ಲರ ಕಾಫಿ ಜೊತೆ ನಾನೇ ತಿಂಡಿ. ಸತ್ತವನ ಮಾನ ಯಾಕೆ ತೆಗೀಲಿ? ಇದ್ದಿದ್ದು ಮಾರಿ ಬಾಯಿ ಮುಚ್ಚಿಸ್ತೀನಿ."

ನನಗೆ ಸಿಟ್ಟು ಬಂತು. "ಈ ಕೌಂಟಿಯ ಡೈವೋರ್ಸ್ ಎಲ್ಲಾ ಅವಳ ಕೈಮೇಲೇ ಹೋಗಿರೋದು. ಆ ಗಂಡಂದಿರು, ಆ ಹೆಂಡತಿಯರು, ಇಬ್ಬರ ಜೊತೆಗೂ ಗುರುವಾರ ಇಸ್ಪೀಟು ಆಡ್ತಾಳೆ. ಒಂದೇ ಒಂದು ಮಾತು ಹೊರಗೆ ಬಂದಿದ್ದು ಕೇಳಿದ್ದೀಯಾ? ಬಾಯಿಬಡುಕ ಅಂದ್ರೆ ನಾನು. ಅವಳಲ್ಲ."

"ಅದಂತೂ ನಿಜ" ಅಂದಳು. ಹಲಗೆಯ ಚೀಟಿಯನ್ನು ಮಾತ್ರ ತೆಗೆಯಲಿಲ್ಲ.

ಮಧ್ಯಾಹ್ನ ನನ್ನ ಗಾಡಿಯಲ್ಲೇ ಕೋರ್ಟಿಗೆ ಹೋದೆವು. ನಮ್ಮ ಕೋರ್ಟು ಇಟ್ಟಿಗೆಯ ಎರಡು ಅಂತಸ್ತಿನ ಕಟ್ಟಡ. ಒಳಗೊಂದು ಕಬ್ಬಿಣದ ಬಾಗಿಲಿನ ಕೋಣೆ ಇದೆ. ನೂರು ವರ್ಷದ ಮದುವೆ, ಮರಣ, ಜಮೀನು, ಜಗಳ ಎಲ್ಲ ಅದರೊಳಗಿವೆ. ಆ ಕೋಣೆಯಲ್ಲಿ ಇಲ್ಲದ್ದು ಈ ಲೋಕದಲ್ಲಿ ನಡೆದೇ ಇಲ್ಲ ಎಂದು ನಂಬಿದ ಜನ ನಾವು. ನಾನೂ ಹಾಗೇ ನಂಬಿದ್ದೆ.

ಲೋರ್ನಾ ಸಮನ್ಸನ್ನು ಎರಡು ಸಲ ಓದಿದಳು. ಮೇಜಿನ ಮೇಲಿದ್ದ ನಿಂಬೆಹಣ್ಣಿನ ಸಿಹಿತಿಂಡಿಯ ತಟ್ಟೆಯನ್ನು ಆರ್ಡಿಸ್ ಕಡೆ ತಳ್ಳಿದಳು.

"ತಿನ್ನು ಮೊದ್ಲು. ಈಗ ಕೇಳು. ನಾನು ವಕೀಲೆ ಅಲ್ಲ, ಏನು ಮಾಡ್ಬೇಕು ಅಂತ ಹೇಳೋ ಹಕ್ಕು ನಂಗಿಲ್ಲ. ಪುಕ್ಕಟೆ ಸಲಹೆ ಕೊಡೋ ವಕೀಲರ ನಂಬರ್ ಈ ಚೀಟಿಯಲ್ಲಿದೆ, ಇವತ್ತೇ ಫೋನ್ ಮಾಡು. ಯಾವ ಕಾಗದ ಎಲ್ಲಿ ಸಿಗುತ್ತೆ ಅನ್ನೋದು ಮಾತ್ರ ನನ್ನ ಕೆಲಸ. ಇಪ್ಪತ್ತೊಂದು ದಿನದೊಳಗೆ ಉತ್ತರ ಕೊಡಿ ಅಂತ ಇದರಲ್ಲೇ ಬರ್ದಿದೆ. ಆರು ದಿನ ಆಗ್ಲೇ ಹೋಯ್ತು. ಉತ್ತರ ಕೊಡ್ದೆ ಕೂತ್ರೆ ನೀನು ಒಪ್ಪಿಕೊಂಡೆ ಅಂತ ಜಡ್ಜು ತೀರ್ಪು ಕೊಟ್ಟುಬಿಡಬಹುದು."

"ಆ ಕೋಣೆಯಲ್ಲಿ ನಮ್ಮ ದಿವಾಳಿ ಕಾಗದ ಹುಡುಕೇ."

"ಅಲ್ಲಿ ಇರಲ್ಲ."

"ಹುಡುಕೋ ಮೊದ್ಲೇ ಇರಲ್ಲ ಅಂತೀಯಲ್ಲ!"

"ಯಾರ ದಿವಾಳಿ ಕಾಗದಾನೂ ಅಲ್ಲಿರಲ್ಲ ಕಣೇ. ದಿವಾಳಿ ಕೌಂಟಿ ಕೋರ್ಟಿನ ಬಾಬ್ತು ಅಲ್ಲ. ಅದು ಫೆಡರಲ್ ಕೋರ್ಟಿಂದು, ವಾಷಿಂಗ್ಟನ್ ಸರ್ಕಾರದ ಲೆಕ್ಕಕ್ಕೆ ಬರೋದು. ಇಲ್ಲಿಂದ ಮುನ್ನೂರು ಮೈಲಿ ಆಚೆ. ನನ್ನ ಹತ್ರ ಇರೋದು ಊರಿನ ದಾವೆ, ತೀರ್ಪು ಅಷ್ಟೇ."

ಆರ್ಡಿಸ್ ಎದ್ದು ನಿಂತಳು. ಮುನ್ನೂರು ಮೈಲಿ ಹೋಗಿಬರಲು ಎರಡು ದಿನ ಬೇಕು. ಅಂಗಡಿ ಮುಚ್ಚಬೇಕು, ರಾತ್ರಿ ಹೋಟೆಲಿನಲ್ಲಿ ಉಳಿಯಬೇಕು.

"ಕೂತ್ಕೋ. ಹೋಗ್ಬೇಕು ಅಂತ ಯಾರಂದ್ರು?" ಲೋರ್ನಾ ಫೋನನ್ನು ಮುಂದಕ್ಕೆ ಎಳೆದಳು. "ದಿವಾಳಿ ಕೋರ್ಟುಗಳದ್ದೇ ಒಂದು ಪುಕ್ಕಟೆ ಫೋನ್ ನಂಬರಿದೆ. ಯಂತ್ರ ಮಾತಾಡುತ್ತೆ. ಯಾವ ರಾಜ್ಯ ಅಂತ ಹೇಳು, ಪೂರ್ತಿ ಹೆಸರು ಹೇಳು, ಕೇಸಿನ ನಂಬರ್ರು, ತಾರೀಖು ಎಲ್ಲ ಓದಿ ಹೇಳುತ್ತೆ."

"ಎಲ್ಲರಿಗೂ ಹೇಳುತ್ತಾ?" ಆರ್ಡಿಸ್ ಬಾಗಿಲ ಕಡೆ ನೋಡಿದಳು.

"ಕೇಳಿದೋರಿಗೆಲ್ಲ. ಅದು ಸಾರ್ವಜನಿಕ ಕಾಗದ. ಎಂಟು ವರ್ಷದಿಂದ ಯಾರಾದ್ರೂ ಕೇಳಿದ್ರಾ? ಈ ಊರಿಗೆ ನಿನ್ನ ಮೇಲೆ ಅಷ್ಟೊಂದು ಆಸಕ್ತಿ ಇಲ್ಲ ಆರ್ಡಿಸ್, ಬೇಜಾರು ಮಾಡ್ಕೋಬೇಡ."

ಆರ್ಡಿಸ್‌ಗೆ ನಗು ಬಂತು. ಆ ದಿನದ ಮೊದಲ ನಗು.

ಟಫಿ ಎಂದರೆ ಯಂತ್ರಕ್ಕೆ ಏನು ಗೊತ್ತು? ಅಮ್ಮ ಅಪ್ಪ ಇಟ್ಟ ಹೆಸರು ಬೇಕು. ಆರ್ವಿಲ್ ಥಿಯೋಡೋರ್ ಕ್ವಾಮೆ. ಲೋರ್ನಾ ನಮ್ಮ ಮೊಂಟಾನಾ ರಾಜ್ಯವನ್ನು ಹೇಳಿದಳು, ಹೆಸರು ಹೇಳಿದಳು, ನಾವು ಮೂವರೂ ಫೋನಿಗೆ ಕಿವಿಕೊಟ್ಟು ಬಗ್ಗಿದೆವು. ಆ ಹೆಸರಿನ ಕೇಸು ಯಾವುದೂ ಇಲ್ಲ ಎಂದಿತು ಯಂತ್ರ. ಆರ್ಡಿಸ್ ಹೆಸರು ಹೇಳಿ ನೋಡಿದರೂ ಅದೇ ಉತ್ತರ.

ಆರ್ಡಿಸ್ ಕೈಯಲ್ಲಿದ್ದ ನಿಂಬೆ ಸಿಹಿಯನ್ನು ತಟ್ಟೆಗೆ ವಾಪಸು ಇಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು. "ನಂಗೆ ಆಗ್ಲೇ ಅನುಮಾನ ಇತ್ತು. ಒಂದು ಹೋಟೆಲಿನ ಕೋಣೆಗೆ ಕರ್ಕೊಂಡ್ಹೋದ. ಟೈ ಕಟ್ಟಿದ ಒಬ್ಬ ಹತ್ತು ನಿಮಿಷ ಪ್ರಶ್ನೆ ಕೇಳ್ದ, ಅಷ್ಟೇ. ಜಡ್ಜೂ ಇಲ್ಲ, ಗಿಡ್ಜೂ ಇಲ್ಲ. ಇದು ಕೋರ್ಟಾ ಅಂದೆ. ಮಿಕ್ಕಿದ್ದು ನಾನು ನೋಡ್ಕೋತೀನಿ ಅಂದ. ನೋಡ್ಕೊಳ್ಳಲೇ ಇಲ್ಲ ಅವನು. ನಲವತ್ತು ವರ್ಷ ಬಾಳಿದೋನು ನಂಗೆ ಸುಳ್ಳು ಹೇಳಿ ಸತ್ತ."

ದುಡ್ಡು ಹೋದರೆ ಹೋಗಲಿ, ಆ ಮಾತನ್ನು ಮಾತ್ರ ನಾನು ಒಪ್ಪಲಾರೆ. ಟಫಿ ಒರಟ, ಮುಂಗೋಪಿ. ಆದರೆ ಸುಳ್ಳ ಅಲ್ಲ. ನಾನು ಏನೋ ಸಮಾಧಾನ ಹೇಳಲು ಬಾಯಿ ತೆರೆದೆ. ಲೋರ್ನಾ ಕೈ ಅಡ್ಡ ಹಿಡಿದಳು.

"ಆ ಹೋಟೆಲ್ ಎಲ್ಲಿತ್ತು?"

"ಆ ಕಡೆ. ಡಕೋಟಾದಲ್ಲಿ."

"ಆ ಹೊತ್ತಿಗೆ ಎಷ್ಟು ದಿನದಿಂದ ಅಲ್ಲಿದ್ರಿ?"

"ಇರೋದೇನು ಬಂತು? ಮನೆ ಇಲ್ಲೇ, ಚರ್ಚು ಇಲ್ಲೇ. ಅಲ್ಲಿ ಟ್ರೇಲರ್ ಗಾಡಿಯಲ್ಲಿ ಮಲಗ್ತಿದ್ವಿ. ನಾವು ಯಾವತ್ತಿದ್ರೂ ಇಲ್ಲಿಯೋರೇ."

ನಮ್ಮೂರಿನವರು ಮಾತ್ರ ಮಾಡಬಲ್ಲ ತಪ್ಪು ಇದು. ಇಲ್ಲಿ ಹುಟ್ಟಿದವನು ಇಪ್ಪತ್ತು ವರ್ಷ ಹೊರಗಿದ್ದರೂ ಅವನನ್ನು ಯಾರಾದರೂ ಕೇಳಿದರೆ ಲಾರ್ಕ್ ಕ್ರೀಕಿನವನು ಎಂದೇ ಹೇಳುತ್ತಾನೆ. ಅಷ್ಟರಲ್ಲಿ ನನಗೆ ಥಟ್ಟನೆ ಹೊಳೆಯಿತು. ಗಾಡಿಯ ಹಳೇ ನಂಬರ್ ಪ್ಲೇಟನ್ನು ನಮ್ಮಲ್ಲಿ ಯಾರೂ ಎಸೆಯುವುದಿಲ್ಲ. ಗ್ಯಾರೇಜಿನ ಗೋಡೆಗೆ ಸಾಲಾಗಿ ಮೊಳೆ ಹೊಡೆದು ಇಡುತ್ತೇವೆ. ಆರ್ಡಿಸ್ ಅಂಗಡಿಯ ಗೋಡೆಯಲ್ಲೂ ಹಾಗೇ ಇವೆ. ಟಯರು ರಿಪೇರಿಗೆ ಕಾಯುತ್ತ ನಾನು ಅವನ್ನು ಸಾವಿರ ಸಲ ಓದಿದ್ದೇನೆ.

"ನಿಮ್ಮ ಗೋಡೆಯಲ್ಲಿ ಡಕೋಟಾದ ಪ್ಲೇಟು ಇದೆ ಕಣೇ! ಕಾಡೆಮ್ಮೆ ಚಿತ್ರದ್ದು! ಎರಡು ವರ್ಷದ ನೋಂದಣಿ ಚೀಟಿ ಅಂಟಿಸಿದೆ ಅದಕ್ಕೆ!"

ಲೋರ್ನಾ ನನ್ನನ್ನು ನೋಡಿದಳು. "ಮೂವತ್ತು ವರ್ಷದಲ್ಲಿ ಮೊದಲ್ನೇ ಸಲ ವೆಂಡೆಲ್ ಬಾಯಿಂದ ಉಪಯೋಗದ ಮಾತು." ಆಮೇಲೆ ಆರ್ಡಿಸ್ ಕಡೆ ತಿರುಗಿದಳು. "ಗಾಡಿಗೆ ಅಲ್ಲಿಯ ಪ್ಲೇಟು ಹಾಕಿಸಿದೋನು ಅರ್ಜೀನೂ ಅಲ್ಲೇ ಹಾಕಿರ್ತಾನೆ. ನಿನ್ನ ಮನಸ್ಸು ಯಾವ ಊರಲ್ಲಿತ್ತು ಅಂತ ಕೋರ್ಟು ಕೇಳಲ್ಲ. ಅರ್ಜಿ ಹಾಕೋ ಮುಂಚಿನ ಆರು ತಿಂಗಳಲ್ಲಿ ಹೆಚ್ಚು ದಿನ ಎಲ್ಲಿ ವಾಸ ಇದ್ದೆ ಅಂತ ನೋಡುತ್ತೆ. ಜಡ್ಜು ಇಲ್ದೆ ಇದ್ದಿದ್ದೂ ಸರೀನೇ. ಆ ಟೈ ಕಟ್ಟಿದೋನು ದಿವಾಳಿ ಕೇಸು ನೋಡ್ಕೊಳ್ಳೋ ಅಧಿಕಾರಿ, ಅವನ ಸಭೆಗೆ ಜಡ್ಜು ಬರೋದೇ ಇಲ್ಲ."

ಮತ್ತೆ ಫೋನ್ ಮಾಡಿದಳು. ಈ ಸಲ ನಾರ್ತ್ ಡಕೋಟಾ. ಹೆಸರು ಹೇಳಿ, ಫೋನಿನ ಸ್ಪೀಕರ್ ಒತ್ತಿದಳು.

ಯಂತ್ರದ ದನಿ ಕೋಣೆ ತುಂಬ ಕೇಳಿಸಿತು. ಆರ್ವಿಲ್ ಥಿಯೋಡೋರ್ ಕ್ವಾಮೆ ಮತ್ತು ಆರ್ಡಿಸ್ ಮೇ ಕ್ವಾಮೆ. ಕೇಸಿನ ನಂಬರು. ಅರ್ಜಿ ಹಾಕಿದ ದಿನ. ಸಾಲಮುಕ್ತಿಯ ಆದೇಶವಾದ ದಿನ. ಕೇಸು ಮುಗಿದ ದಿನ. ಲೋರ್ನಾ ಬರೆದುಕೊಂಡಳು.

"ಇನ್ನೊಂದ್ಸಲ ಹೇಳ್ಸೇ" ಎಂದಳು ಆರ್ಡಿಸ್.

ಹೇಳಿಸಿದಳು.

"ಇನ್ನೊಂದ್ಸಲ."

"ನಂಬರ್ ಬರ್ಕೊಂಡೆ ಕಣೇ."

"ನಂಬರಿಗಲ್ಲ. ಇಬ್ಬರ ಹೆಸರನ್ನೂ ಒಟ್ಟಿಗೆ ಹೀಗೆ ಪೂರ್ತಿ ಕರ್ದಿದ್ದು ಮದುವೆ ದಿನ ಪಾದ್ರಿ. ಅದು ಬಿಟ್ರೆ ಈ ಯಂತ್ರಾನೇ."

ಲೋರ್ನಾ ಮೂರನೇ ಸಲವೂ ಹೇಳಿಸಿದಳು. ನಾನು ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡೆ. ಧೂಳು ಜಾಸ್ತಿ ಆ ಕಟ್ಟಡದಲ್ಲಿ.

ನಂಬರು ಸಿಕ್ಕಿದ ಮೇಲೆ ಕೆಲಸ ಸಲೀಸಾಯಿತು. ಆ ವಕೀಲರ ಫೋನ್ ಸಲಹೆಯಂತೆ ಆರ್ಡಿಸ್ ಮಾರನೇ ದಿನವೇ ದಾವೆಗೆ ತನ್ನ ಉತ್ತರ ಬರೆದುಕೊಟ್ಟಳು. ಲೈಬ್ರರಿಯ ಕಂಪ್ಯೂಟರಿನಲ್ಲಿ ಫೆಡರಲ್ ಕೋರ್ಟುಗಳ ದಾಖಲೆ ತೆಗೆದು, ಸಾಲ ಕೊಟ್ಟವರ ಪಟ್ಟಿಯಲ್ಲಿ ಉಪಕರಣದ ಅಂಗಡಿಯ ಹೆಸರು ಇದೆಯೇ ಎಂದು ನೋಡಿದೆವು. ಹದಿನೇಳನೆಯ ಸಾಲಿನಲ್ಲಿತ್ತು. ಟಫಿ ಒಬ್ಬರನ್ನೂ ಬಿಟ್ಟಿರಲಿಲ್ಲ, ಪಕ್ಕದ ಪೆಟ್ಟಿಗೆ ಅಂಗಡಿಯ ಕಾಫಿಯ ಬಾಕಿಯನ್ನೂ ಬರೆಸಿದ್ದ. ಆದೇಶದ ಮೊಹರು ಹಾಕಿದ ಪ್ರತಿ ಕಳಿಸಿ ಎಂದು ದಿವಾಳಿ ಕೋರ್ಟಿನ ಗುಮಾಸ್ತರಿಗೆ ಪತ್ರ ಬರೆದು ಶುಲ್ಕ ಕಳಿಸಿದಳು.

ಹನ್ನೊಂದನೇ ದಿನ ಆ ಲಕೋಟೆ ನನ್ನ ಚೀಲಕ್ಕೆ ಬಂತು. ಮೂವತ್ತು ವರ್ಷದ ಕೆಲಸದಲ್ಲಿ ಮೊದಲ ಸಲ ನಾನು ದಾರಿ ಹಿಂದುಮುಂದು ಮಾಡಿದೆ. ಎಲ್ಲರಿಗಿಂತ ಮೊದಲು ಅವಳ ಅಂಗಡಿಗೆ ಹೋದೆ. ನಮ್ಮ ಇಲಾಖೆಯ ಮೇಲಧಿಕಾರಿಗಳು ರೇಡಿಯೋದಲ್ಲಿ ಇದನ್ನು ಕೇಳುತ್ತಿದ್ದರೆ ಕ್ಷಮಿಸಬೇಕು.

ಕಾಗದದ ಪ್ರತಿ ಕೈಗೆ ತಲುಪಿದ ಮೇಲೆ ಆ ಕಂಪನಿ ದಾವೆಯನ್ನು ಹಿಂದಕ್ಕೆ ಪಡೆಯಿತು. ಕ್ಷಮೆಯ ಮಾತು ಒಂದೂ ಇರಲಿಲ್ಲ. ಇರಲಿ ಬಿಡಿ. ಆರ್ಡಿಸ್ ಅಂಚೆ ಕಚೇರಿಗೆ ಬಂದು ಹಲಗೆಯ ಚೀಟಿ ಕಿತ್ತು ನನ್ನ ಜೇಬಿಗೆ ತುರುಕಿದಳು.

ಈಗ ಅವಳ ಅಂಗಡಿಗೆ ಹೋದರೆ ನೋಡಿ. ಕಾಡೆಮ್ಮೆಯ ಪ್ಲೇಟಿನ ಕೆಳಗೆ, ಗಾಜು ಹಾಕಿಸಿದ ಚೌಕಟ್ಟಿನಲ್ಲಿ ಆ ಆದೇಶ ತೂಗುತ್ತಿದೆ. ಟಫಿ ನಾಚಿ ಸುಟ್ಟ ಕಾಗದವನ್ನೇ ಹೆಂಡತಿ ಗೋಡೆಗೆ ಹಾಕಿದ್ದಾಳೆ. ಟಯರಿಗೆ ಕಾಯುವವರು ಅದನ್ನು ಓದುತ್ತಾರೆ. ಇಲ್ಲಿಯವರೆಗೆ ನಾಲ್ಕು ಜನ, ಬೇರೆ ಯಾರೂ ಇಲ್ಲದ ಹೊತ್ತು ನೋಡಿ, ದಿವಾಳಿ ಕೋರ್ಟಿನ ಆ ಫೋನ್ ನಂಬರು ಕೊಡು ಎಂದು ಅವಳನ್ನು ಕೇಳಿದ್ದಾರಂತೆ. ಯಾರು ಅಂತ ನನಗೂ ಹೇಳಿಲ್ಲ. ಲೋರ್ನಾ ಸಹವಾಸ!

ಕೇಳುತ್ತಿರುವವರೇ, ನಿಮಗೂ ಇದನ್ನೇ ಹೇಳುವುದು. ಕೋರ್ಟಿನ ಕಾಗದ ಬಂದರೆ ಲಕೋಟೆ ಒಡೆಯಿರಿ, ದಿನ ಎಣಿಸಿ, ಉತ್ತರ ಕೊಡಿ. ದಿವಾಳಿಯ ದಾಖಲೆ ನಮ್ಮ ಇಟ್ಟಿಗೆ ಕಟ್ಟಡದಲ್ಲಿ ಸಿಗಲಿಲ್ಲವೆಂದರೆ ಅದು ಇಲ್ಲವೇ ಇಲ್ಲ ಎಂದಲ್ಲ. ಆಗ ಎಲ್ಲಿ ವಾಸವಿದ್ದಿರಿ ಎಂದು ನೆನಪು ಮಾಡಿಕೊಳ್ಳಿ, ಪೂರ್ತಿ ಹೆಸರು ಹೇಳಿ, ಆ ರಾಜ್ಯದ ಫೆಡರಲ್ ಕೋರ್ಟಿನಲ್ಲಿ ಕೇಳಿ. ಹೇಗೆಂದು ತಿಳಿಯದಿದ್ದರೆ ಲೋರ್ನಾ ಇದ್ದಾಳೆ, ತಟ್ಟೆಯಲ್ಲಿ ನಿಂಬೆ ಸಿಹಿಯೂ ಇರುತ್ತದೆ.

ಇದನ್ನೆಲ್ಲ ರೇಡಿಯೋದಲ್ಲಿ ಹೇಳಲೇ ಎಂದು ಆರ್ಡಿಸ್ ಅನುಮತಿ ಕೇಳಿದೆ. ಹೆಸರು ಬೇಕಾದರೆ ಬದಲಾಯಿಸುತ್ತೇನೆ ಅಂದೆ. ಅವಳು ಟಯರು ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

"ಹೆಸರು ಹಾಕೇ ಹೇಳು. ಇಬ್ಬರದ್ದೂ. ಪೂರ್ತಿ ಹೆಸರು ಹೇಳು."