ತೆಗೆದ ಮಾಲು

"ಎಳೀಬೇಡ ಕಣೇ! ಅದೇನು ಲಂಗದ ಲಾಡಿ ಅಂದ್ಕೊಂಡ್ಯಾ?"

ಕುರ್ಚಿಯಲ್ಲಿ ಕೂತಿದ್ದ ಗಂಡನ ಗದರಿಕೆಗೆ ಟೈಲರಮ್ಮ ಕೈ ತಡೆದಳು. ಬೀದಿಯವರೆಲ್ಲ ಕರೆಯುವ ಹೆಸರು ಅದು. ಗಂಡ ಮಾತ್ರ ಮೂವತ್ತು ವರ್ಷದಿಂದ 'ಏ' ಎಂಬ ಒಂದಕ್ಷರದಲ್ಲೇ ಸಂಸಾರ ಸಾಗಿಸಿದ್ದ. ಪಿನ್‌ಬಾಲ್ ಎಂಬ ಉಕ್ಕಿನ ಚೆಂಡಿನ ಆಟದ ಮಿಷನ್ನಿನ ಗಾಜು ತೆಗೆದು ಗೋಡೆಗೆ ಒರಗಿಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಅವಳು ಆ ಇಳಿಜಾರು ಹಲಗೆಯ ಮೇಲೆ ಬಾಗಿದ್ದಳು. ಪುಟ್ಟ ಕಂಬಗಳಿಗೆ ಸುತ್ತಿದ್ದ ರಬ್ಬರ್ ಬಳೆಗಳು ಒಣಗಿ ಬಿರುಕುಬಿಟ್ಟಿದ್ದವು. ಮುಟ್ಟಿದರೆ ಕಪ್ಪು ಪುಡಿ ಬೆರಳಿಗೆ ಹತ್ತುತ್ತಿತ್ತು.

"ಎಳೀದೆ ಇನ್ನೇನು, ದಯಮಾಡಿ ಬಾರಪ್ಪ ಅಂತ ಕರೀಲಾ?"

"ಬ್ಲೇಡಲ್ಲಿ ಕುಯ್ಯಿ. ಎಸೀಬೇಡ ಮತ್ತೆ. ಎಲ್ಲೆಲ್ಲಿತ್ತೋ ಹಾಗೇ ಪೇಪರ್ ಮೇಲೆ ಜೋಡಿಸು. ತೆಗೆದ ಮಾಲು ಕಣ್ಣಿಗೆ ಕಾಣ್ಬೇಕು."

ಇದು ಅವನ ಕಸುಬಿನ ಶಾಸ್ತ್ರ. ಇಪ್ಪತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿದವನು. ಬಿಚ್ಚಿದ ಭಾಗವನ್ನು ಕಟ್ಟಡದವರಿಗೆ ತೋರಿಸದೆ ಕಸಕ್ಕೆ ಹಾಕಬಾರದು. ಬದಲಿಸಿದ ತಾರೀಕನ್ನು ಒಳಗಿನ ಕಾರ್ಡಿನಲ್ಲಿ ಬರೆಯದೆ ಬಾಗಿಲು ಮುಚ್ಚಬಾರದು. ಮನೆಯ ಫ್ರಿಜ್ಜಿನ ಬೆನ್ನಿಗೂ ಒಂದು ಕಾರ್ಡಿತ್ತು. ತನ್ನ ಬೆನ್ನಿಗೊಂದು ಅಂಟಿಸಲಿಲ್ಲವಲ್ಲ, ಅದೇ ಪುಣ್ಯ ಎಂದು ಅವಳು ಗಿರಾಕಿಗಳ ಹತ್ತಿರ ಹೇಳಿ ನಗುತ್ತಿದ್ದಳು. ಮುಚ್ಚಿಹೋದ ಕ್ಲಬ್ಬೊಂದು ಗುಜರಿಗೆ ಹಾಕಲಿದ್ದ ಈ ಮಿಷನ್ನನ್ನು ಹೊತ್ತು ತಂದು, ಬದುಕಿಸಿ, ಅವನು ದಿನಾ ಸಂಜೆ ಒಂದು ಗಂಟೆ ಅದರ ಮುಂದೆ ನಿಂತು ಆಡುತ್ತಿದ್ದ. ನಾಲ್ಕು ತಿಂಗಳ ಹಿಂದೆ ಪಾರ್ಶ್ವವಾಯು ಎಡಭಾಗಕ್ಕೆ ಬಡಿಯುವವರೆಗೆ.

ಈಗ ಎಡಗೈ ಏಳುತ್ತದೆ, ಲೋಟ ಹಿಡಿಯುತ್ತದೆ. ನಾಳೆ ಹತ್ತು ಗಂಟೆಗೆ ಕಂಪನಿಯ ಡಾಕ್ಟರು ನೋಡಿ ಹೂಂ ಅಂದರೆ ಸೋಮವಾರದಿಂದ ಮತ್ತೆ ಕೆಲಸ. ಅದಕ್ಕೇ ಇವತ್ತು ಈ ಅವಸರ: ಸಂಜೆ ಎರಡು ಆಟ ಆಡಿ ಕೈ ಪಳಗಿಸಿಕೊಳ್ಳಬೇಕಂತೆ. ಡಾಕ್ಟರಿಗೆ ಮೊದಲೇ ಮುಟ್ಟಿಸಬೇಕಾದ ಫಾರಂ ಹೊಲಿಗೆಯ ಮೇಜಿನ ಮೇಲೆ, ದೊಡ್ಡ ಕತ್ತರಿಯ ಭಾರದಡಿ ಇತ್ತು. 'ಪಾರ್ಶ್ವವಾಯುವಿಗೆ ಮುಂಚೆ ಕೈಕಾಲುಗಳಲ್ಲಿ ನಿಶ್ಶಕ್ತಿ ಕಾಣಿಸಿತ್ತೇ?' ಎಂಬ ಪ್ರಶ್ನೆಯ ಮುಂದೆ ಅವನು ದಪ್ಪಕ್ಷರದಲ್ಲಿ 'ಇಲ್ಲ' ಎಂದು ಬರೆದಿದ್ದ. ಕೆಳಗೆ, ಮನೆಯವರ ಸಹಿಯ ಜಾಗ ಖಾಲಿ. ಐದು ಗಂಟೆಗೆ ಗಿಡ್ಡ ಬಂದು ಒಯ್ಯುತ್ತಾನೆ. ಕೈಯೆಲ್ಲ ಕಪ್ಪಾಗಿದೆ, ತೊಳೆದು ಸಹಿ ಹಾಕ್ತೀನಿ ಅಂದಿದ್ದಳು.

ಗಿಡ್ಡ ಅವನ ಜೋಡಿ ಕೆಲಸಗಾರ. ಆರಡಿ ಎತ್ತರವಿದ್ದದ್ದಕ್ಕೇ ಆ ಹೆಸರು. ಹೋದ ವರ್ಷ ಒಂದು ಕಟ್ಟಡದಲ್ಲಿ ಲಿಫ್ಟ್ ಅಲ್ಲಾಡದಂತೆ ಗಂಡ ಮೋಟಾರಿನ ಕೈಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಾಗ ಚಕ್ರ ತಿರುಗಿಬಿಟ್ಟಿತು. ಹಗ್ಗಕ್ಕೂ ರಾಟೆಗೂ ನಡುವೆ ಗಿಡ್ಡನ ಬಲಗೈಯ ಎರಡು ಬೆರಳು ಹೋದವು. ಬ್ರೇಕಿನ ಸ್ಪ್ರಿಂಗ್ ಸತ್ತಿತ್ತು ಎಂದು ಗಂಡ ಕಂಪನಿಗೆ ಬರೆದುಕೊಟ್ಟ. ಆಸ್ಪತ್ರೆಯಲ್ಲಿ ಗಿಡ್ಡನೇ ಇವನಿಗೆ ಸಮಾಧಾನ ಹೇಳಿದ.

"ಈಗ ರೆಕ್ಕೆಗಳದ್ದು ತೆಗಿ," ಎಂದ ಗಂಡ, ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು.

ರೆಕ್ಕೆ ಎಂದರೆ ಹಲಗೆಯ ತಳದಲ್ಲಿ ಚೆಂಡನ್ನು ಮೇಲಕ್ಕೆ ಹೊಡೆಯುವ ಎರಡು ಪಟ್ಟಿಗಳು. ಬಲಗೈ ಗುಂಡಿ ಒತ್ತಿದರೆ ಬಲಗಡೆಯದು ಹೊಡೆಯುತ್ತದೆ, ಎಡಗೈ ಗುಂಡಿ ಒತ್ತಿದರೆ ಎಡಗಡೆಯದು. ಬಲರೆಕ್ಕೆಯ ರಬ್ಬರ್ ತುದಿಯಲ್ಲಿ ಹರಿದು, ನಡುವೆ ಹಳ್ಳ ಬಿದ್ದು, ಬೆರಳಿಗೆ ಅಂಟಿಕೊಂಡೇ ಬಂತು. ಎಡಗಡೆಯದನ್ನು ಉಗುರಿನಲ್ಲಿ ಸರಿಸಿದಳು. ಅದು ಬಿರುಕು ಬಿಟ್ಟಿತ್ತು, ಆದರೆ ಹಳ್ಳ ಬಿದ್ದಿರಲಿಲ್ಲ. ಅಚ್ಚಿನಿಂದ ಬಂದ ಗೆರೆ ಕೂಡ ಮಾಸಿರಲಿಲ್ಲ.

ಪ್ಯಾಂಟಿನ ಸವೆತ ನೋಡಿ ಬೀಗದ ಕೈ ಯಾವ ಜೇಬಿನಲ್ಲಿರುತ್ತದೆಂದು ಹೇಳುವವಳು, ತೋಳು ನೋಡಿ ಗುಮಾಸ್ತನೋ ಡ್ರೈವರೋ ಎನ್ನುವವಳು ಅವಳು. ಮಿಷನ್ನಿನೊಳಗೆ ಅಂಟಿಸಿದ್ದ ಕಾರ್ಡಿಗೆ ಕಣ್ಣು ಹಾಯಿಸಿದಳು. ಗಂಡನ ಅಕ್ಷರ: 'ರಬ್ಬರ್, ಪೂರ್ತಿ ಸೆಟ್ ಹೊಸದು.' ತಾರೀಕು ಎರಡು ವರ್ಷದ ಹಿಂದಿನದು; ಪಾರ್ಶ್ವವಾಯು ಬಡಿದದ್ದು ನಾಲ್ಕು ತಿಂಗಳ ಹಿಂದೆ.

"ಎರಡೂ ಒಂದೇ ದಿನ ಹಾಕಿದ್ದಲ್ವಾ?"

"ಹೂಂ. ಯಾಕೆ?"

"ಎಡಗಡೇದು ಸವೆದೇ ಇಲ್ಲ."

ಗಂಡ ತಕ್ಷಣ ಉತ್ತರ ಕೊಟ್ಟ. ಅಷ್ಟು ತಕ್ಷಣ ಕೊಡಬಾರದಿತ್ತು. "ಈ ಮಿಷನ್ನು ಬಲಗಡೆಗೆ ವಾಲುತ್ತೆ. ಚೆಂಡೆಲ್ಲ ಆ ಕಡೇಗೇ ಬರುತ್ತೆ."

ಬೆಳಿಗ್ಗೆ ಮೊಟ್ಟಮೊದಲ ಕೆಲಸವಾಗಿ ಹಲಗೆ ಪಕ್ಕಕ್ಕೆ ವಾಲಿದೆಯೇ ಎಂದು ಅವನೇ ಅವಳ ಕೈಯಲ್ಲಿ ಅಡ್ಡಡ್ಡ ರಸಮಟ್ಟ ಇಡಿಸಿ ನೋಡಿಸಿದ್ದ. ಗುಳ್ಳೆ ನಟ್ಟನಡುವೆ ನಿಂತಿದ್ದಕ್ಕೆ 'ನಾನು ನಿಲ್ಸಿದ್ದು ಕಣೇ' ಎಂದು ಮೀಸೆ ತಿರುವಿದ್ದ. ಅವಳು ಉಕ್ಕಿನ ಚೆಂಡನ್ನು ಎತ್ತಿ ಹಲಗೆಯ ನೆತ್ತಿಯಲ್ಲಿಟ್ಟು ಬಿಟ್ಟಳು. ಚೆಂಡು ಆ ಕಡೆ ಈ ಕಡೆ ನೋಡದೆ ಎರಡು ರೆಕ್ಕೆಗಳ ನಡುವೆ ಇಳಿದುಹೋಯಿತು.

ಗೋಡೆಯ ಗಡಿಯಾರ ನಾಲ್ಕೂಮುಕ್ಕಾಲು ತೋರಿಸುತ್ತಿತ್ತು.

"ಎಡಗೈ ಎಷ್ಟು ದಿನದಿಂದ ಹೀಗೆ?" ಎಂದಳು.

"ಏನೆಷ್ಟು ದಿನದಿಂದ? ಕೈ ಚೂರು ಜೋಮು ಹಿಡೀತಿತ್ತು, ಅಷ್ಟೇ. ವಯಸ್ಸಾದ್ಮೇಲೆ ಎಲ್ಲರಿಗೂ ಹಿಡಿಯುತ್ತೆ. ನಿನಗೆ ಸೊಂಟ ಹಿಡಿಯಲ್ವಾ?"

"ನನ್ನ ಸೊಂಟ ನಂಬ್ಕೊಂಡು ಯಾರೂ ಹಗ್ಗಕ್ಕೆ ಕೈ ಹಾಕಲ್ಲ."

ಗಂಡ ಕಿಟಕಿಯತ್ತ ತಿರುಗಿದ. ಅವಳು ಹೊಸ ರಬ್ಬರನ್ನು ಬಲರೆಕ್ಕೆಗೆ ಏರಿಸಿದಳು, ಆಮೇಲೆ ಎಡಕ್ಕೆ. ಎರಡು ಸಲ ಜಾರಿತು. ಮೂರನೆಯ ಸಲ ಕೂರಿಸಿ, ಕಣ್ಣೆತ್ತದೆ ಕೇಳಿದಳು:

"ಆ ಬ್ರೇಕಿನ ಸ್ಪ್ರಿಂಗು... ತೆಗೆದು ಯಾರಿಗೆ ತೋರಿಸಿದ್ರಿ?"

ಅವಳು ತಿರುಗಿ ನೋಡಿದಾಗ ಅವನು ಬಲಗೈಯಿಂದ ಎಡಗೈಯನ್ನು ಮುಚ್ಚಿ, ತೊಡೆಯ ಮೇಲೆ ಅದುಮಿಟ್ಟುಕೊಂಡಿದ್ದ.

"ಸಹಿ ಹಾಕ್ತೀಯೋ ಇಲ್ವೋ?" ಎಂದ ಕೊನೆಗೆ. ಗದರಿಸಲು ಹೊರಟ ದನಿ ನಡುದಾರಿಯಲ್ಲೇ ಕುಸಿಯಿತು. "ಮನೇಲಿ ಕೂತ್ರೆ ನಾನು ಯಾರು ಹೇಳು? ನಿನ್ನ ಗುಂಡಿ ಡಬ್ಬ ಕಾಯೋನಾ?"

"ನನ್ನ ಕೈ ಇನ್ನೂ ಕಪ್ಪಾಗಿದೆ," ಎಂದಳು ಅವಳು.

ಬಾಗಿಲು ಬಡಿಯುವ ಮೊದಲೇ ಗಿಡ್ಡನ ದನಿ ಒಳಬಂತು. "ಅತ್ತಿಗೇ, ಫಾರಂ ರೆಡೀನಾ?" ತಲೆ ಬಗ್ಗಿಸಿ ಚೌಕಟ್ಟು ದಾಟಿದ. "ಅಣ್ಣ, ಬೇಗ ಕೆಲಸಕ್ಕೆ ಬಂದ್ಬಿಡಿ. ನನಗೊಬ್ಬ ಹೊಸಬನ್ನ ಗಂಟು ಹಾಕಿದಾರೆ. ಸ್ಕ್ರೂ ತಿರುಗಿಸೋಕೆ ಮುಂಚೆ ಅದರ ಅಪ್ಪಣೆ ಕೇಳ್ತಾನೆ. ಸೋಮವಾರದಿಂದ ನೀವು ಚಕ್ರ ಹಿಡಿದ್ರೆ ನನಗೆ ಕಣ್ಮುಚ್ಚಿ ಕೆಲಸ." ಮೇಜಿನ ಕಡೆ ನಡೆದು ಕತ್ತರಿಯತ್ತ ಕೈ ಚಾಚಿದ.

ಟೈಲರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಲೇ ಇದ್ದಳು. ಪುಡಿ ಹೋಗುತ್ತಿರಲಿಲ್ಲ.

"ಗಿಡ್ಡಾ," ಎಂದ ಗಂಡ. "ಫಾರಂ ಆಮೇಲೆ. ಮೊದಲು ಇಲ್ಲಿ ಬಾ. ತೆಗೆದ ಮಾಲು ನೋಡು."

ಗಿಡ್ಡ ನಕ್ಕ. "ನನಗ್ಯಾಕಣ್ಣ? ನಾನೇನು ಓನರ್ರಾ?"

"ನೋಡು."

ಆ ದನಿಗೆ ಗಿಡ್ಡನ ನಗು ಅರ್ಧಕ್ಕೇ ನಿಂತಿತು. ಪೇಪರಿನ ಮುಂದೆ ಮಂಡಿಯೂರಿ ಕುಳಿತ. ತುಂಡು ತುಂಡಾದ ಬಳೆಗಳ ಮೇಲೆ ಅವನ ನೋಟ ಸಾಲಾಗಿ ಹರಿದು, ಕೊನೆಯ ಎರಡು, ರೆಕ್ಕೆಗಳ ರಬ್ಬರಿನ ಮೇಲೆ ನಿಂತಿತು. ಸವೆತ ಓದುವುದು ಅವನ ಕಸುಬೂ ಹೌದು. ಉಳಿದ ಎರಡು ಬೆರಳು ಮತ್ತು ಹೆಬ್ಬೆರಳಿನ ನಡುವೆ ಅವೆರಡನ್ನೂ ಎತ್ತಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ, ಮತ್ತೆ ಮೊದಲಿನದಕ್ಕೆ ಮರಳಿದ. ಆಮೇಲೆ ತೊಡೆಯ ಮೇಲಿದ್ದ ಅಣ್ಣನ ಎಡಗೈಯನ್ನು ನೋಡಿದ, ತನ್ನ ಬಲಗೈಯಲ್ಲಿ ಬೆರಳಿಲ್ಲದ ಜಾಗವನ್ನು ನೋಡಿದ.